ವ್ಯಾಖ್ಯೆ ಬಾಯಿಗೆ ಬರುತ್ತೆ, ವಿಷಯ ತಲೆಗೆ ಹತ್ತಲ್ಲ: ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಗೆ ಹೇಳಿಕೊಡೋದು?

ನೀವು ಕೇಳಿದ್ದು ಇಷ್ಟು. ಈ ವರ್ಷ ಒಂದು ಹಳ್ಳಿ ಹೈಸ್ಕೂಲಿಗೆ ಅತಿಥಿ ಶಿಕ್ಷಕಿಯಾಗಿ ಸೇರಿದ್ದೀರಿ. 8ರಿಂದ 10ನೇ ಕ್ಲಾಸಿನ ಭೌತಶಾಸ್ತ್ರ, ರಸಾಯನಶಾಸ್ತ್ರ ನಿಮ್ಮ ಪಾಲಿಗೆ ಬಂದಿದೆ. ಮಕ್ಕಳು ವ್ಯಾಖ್ಯೆಗಳನ್ನು ಪಟಪಟ ಒಪ್ಪಿಸುತ್ತಾರೆ, ಆದರೆ ಅದೇ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಲ್ಯಾಬ್ ಅಂತ ಇರುವುದು ಒಂದು ಬೀರು ಮಾತ್ರ. ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ಮಲೆನಾಡಿನ ಒಂದು ಹೈಸ್ಕೂಲಿನಲ್ಲಿ 19 ವರ್ಷದಿಂದ ಇದೇ ಪಾಠ ಮಾಡುತ್ತಿದ್ದೇನೆ. ನಿಮ್ಮ ಪ್ರಶ್ನೆ ಒಂದು ಕಾಲಕ್ಕೆ ನನ್ನದೂ ಆಗಿತ್ತು, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ನನ್ನ ಕಣ್ಣು ತೆರೆಸಿದ್ದು ಒಂದು ಟಾರ್ಚ್ ಬಲ್ಬು. 10ನೇ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ, ಓಮ್ ನಿಯಮದ ಲೆಕ್ಕ ಕೊಟ್ಟರೆ ನಾನು ಬೋರ್ಡಿನ ಮೇಲೆ ಬರೆದು ಮುಗಿಸುವುದರೊಳಗೆ ಉತ್ತರ ಹೇಳುತ್ತಿದ್ದ. ಒಂದು ದಿನ ಅವನ ಕೈಗೆ ಒಂದು ಸೆಲ್ಲು, ಒಂದು ಬಲ್ಬು, ಒಂದೇ ಒಂದು ತುಂಡು ವೈರು ಕೊಟ್ಟು "ಹತ್ತಿಸು" ಅಂದೆ. ಸೆಲ್ಲಿನ ಪ್ಲಸ್ ತುದಿಯಿಂದ ಬಲ್ಬಿನ ಬುಡಕ್ಕೆ ವೈರು ಮುಟ್ಟಿಸಿದ. ಹತ್ತಲಿಲ್ಲ. ತಿರುಗಿಸಿ ಮುಟ್ಟಿಸಿದ, ಗಟ್ಟಿಯಾಗಿ ಒತ್ತಿದ. ಕೊನೆಗೆ ಕೇಳಿದ: "ಸರ್, ಕರೆಂಟು ಬಲ್ಬಿಗೆ ಹೋಗ್ತಾ ಇದೆಯಲ್ಲ, ಮತ್ಯಾಕೆ ಹತ್ತಲ್ಲ?"

ಅವನ ತಲೆಯಲ್ಲಿ ಕರೆಂಟು ಅಂದರೆ ನಲ್ಲಿಯಿಂದ ಬಕೆಟಿಗೆ ಬೀಳುವ ನೀರು. ಸೆಲ್ಲಿನಿಂದ ಹೊರಟಿತು, ಬಲ್ಬಿಗೆ ಸೇರಿತು, ಅಲ್ಲಿಗೆ ಮುಗಿಯಿತು. ಮಂಡಲ (ಸರ್ಕ್ಯೂಟ್) ಪೂರ್ತಿ ಆಗಬೇಕು, ಬಲ್ಬಿನ ಬುಡದ ತುದಿಗೆ ಒಂದು, ಪಕ್ಕದ ಲೋಹಕ್ಕೆ ಒಂದು, ಹೀಗೆ ಎರಡು ಕಡೆ ಸಂಪರ್ಕ ಬೇಕು ಅನ್ನುವುದು ಅವನಿಗೆ ಹೊಳೆದೇ ಇರಲಿಲ್ಲ. ಯಾಕೆ ಹೊಳೆಯಬೇಕು ಹೇಳಿ? ಮನೆಯಲ್ಲಿ ಮಿಕ್ಸಿಗೂ ಫ್ಯಾನಿಗೂ ಹೋಗುವುದು ಒಂದೇ ವೈರಿನ ಹಾಗೆ ಕಾಣುತ್ತದೆ. ಒಳಗೆ ಎರಡು ಇರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಅವನು ಕಂಡದ್ದರಿಂದ ಅವನು ಕಟ್ಟಿಕೊಂಡ ಉತ್ತರ ಅದು. ನಾನು ಎರಡು ತಿಂಗಳು ಮಾಡಿದ ಪಾಠ ಆ ಉತ್ತರವನ್ನು ಮುಟ್ಟಿಯೇ ಇರಲಿಲ್ಲ.

ಆವತ್ತಿನಿಂದ ಒಂದು ವಿಷಯದಲ್ಲಿ ನನಗೆ ಅನುಮಾನ ಉಳಿದಿಲ್ಲ. ನಾವು ಕ್ಲಾಸಿಗೆ ಕಾಲಿಡುವ ಮೊದಲೇ ಪ್ರತಿಯೊಂದು ಮಗುವಿನ ಹತ್ತಿರ ಅದರದ್ದೇ ಒಂದು ಉತ್ತರ ಇರುತ್ತದೆ. ಆ ಉತ್ತರ ಹೊರಗೆ ಬರುವವರೆಗೆ ನಮ್ಮ ಪಾಠ ಅದರ ಮೇಲೆ ಬಳಿದ ಸುಣ್ಣದ ಹಾಗೆ, ಪರೀಕ್ಷೆ ಮುಗಿದ ಕೂಡಲೇ ಉದುರುತ್ತದೆ. ಅದಕ್ಕೇ ನಾನು ಈಗ ಮೊದಲು ಪ್ರಶ್ನೆ ಕೇಳುತ್ತೇನೆ, ಆಮೇಲೆ ಮಾಡಿ ತೋರಿಸುತ್ತೇನೆ, ವ್ಯಾಖ್ಯೆ ಬರೆಸುವುದು ಎಲ್ಲಕ್ಕಿಂತ ಕೊನೆಗೆ.

ಉದಾಹರಣೆಗೆ, ಎರಡು ಟಾರ್ಚ್ ಬಲ್ಬುಗಳನ್ನು ಒಂದರ ಹಿಂದೆ ಒಂದು, ಅಂದರೆ ಸರಣಿಯಲ್ಲಿ ಜೋಡಿಸಿ ಇಡಿ, ಆದರೆ ಸ್ವಿಚ್ ಹಾಕಬೇಡಿ. ಯಾವ ಬಲ್ಬು ಜಾಸ್ತಿ ಬೆಳಗುತ್ತೆ ಅಂತ ಕೇಳಿ. ಎಲ್ಲರೂ ಅವರವರ ನೋಟ್ಸಿನಲ್ಲಿ ಉತ್ತರವನ್ನೂ ಕಾರಣವನ್ನೂ ಬರೆಯಲಿ. ಬರೆಸುವುದು ಮುಖ್ಯ. ಸುಮ್ನೆ ಬಾಯಲ್ಲಿ ಕೇಳಿದರೆ ಮುಂದಿನ ಬೆಂಚಿನ ಹುಡುಗಿ ಹೇಳಿದ್ದೇ ಎಲ್ಲರ ಉತ್ತರ ಆಗಿಬಿಡುತ್ತದೆ. ನನ್ನ ಕ್ಲಾಸಿನಲ್ಲಿ ಪ್ರತಿ ವರ್ಷ ಅರ್ಧಕ್ಕಿಂತ ಜಾಸ್ತಿ ಮಕ್ಕಳು "ಪ್ಲಸ್ ಹತ್ತಿರದ್ದು" ಅಂತ ಬರೆಯುತ್ತಾರೆ, ಮೊದಲನೇ ಬಲ್ಬು ಸ್ವಲ್ಪ ಕರೆಂಟು ತಿಂದುಬಿಡುತ್ತೆ, ಉಳಿದದ್ದು ಎರಡನೆಯದಕ್ಕೆ ಅಂತ ಕಾರಣ. ಈಗ ಸ್ವಿಚ್ ಹಾಕಿ. ಎರಡೂ ಒಂದೇ ಸಮ ಬೆಳಗುತ್ತವೆ. ಆಮೇಲೆ ಒಬ್ಬ ಎದ್ದು "ಸರ್, ಬಲ್ಬುಗಳು ಬೇರೆ ಬೇರೆ ಇರಬಹುದು" ಅನ್ನುತ್ತಾನೆ. ಅವನನ್ನೇ ಕರೆದು ಬಲ್ಬುಗಳ ಜಾಗ ಅದಲು ಬದಲು ಮಾಡಿಸಿ. ಸೆಲ್ಲನ್ನು ತಿರುಗಿಸಿ ಹಾಕಿಸಿ. ಆ ಐದು ನಿಮಿಷ ಅವರು ನಿಜವಾಗಿ ವಿಜ್ಞಾನ ಮಾಡುತ್ತಿರುತ್ತಾರೆ. ಎರಡು ಬಲ್ಬಲ್ಲೂ ಹರಿಯುವ ವಿದ್ಯುತ್ ಪ್ರವಾಹ ಒಂದೇ, ಬಲ್ಬು ಬಳಸಿಕೊಳ್ಳುವುದು ಶಕ್ತಿಯನ್ನು, ಪ್ರವಾಹವನ್ನಲ್ಲ, ಈ ಮಾತು ಆಗ ಹೇಳಿದರೆ ನಾಟುತ್ತದೆ.

ಇದಕ್ಕೆ ಎರಡು ಸಣ್ಣ ಎಚ್ಚರಿಕೆ. ಬಲ್ಬುಗಳು ಒಂದೇ ಡಬ್ಬದವು ಇರಲಿ, ಇಲ್ಲದಿದ್ದರೆ ಬೆಳಕು ಹೆಚ್ಚುಕಮ್ಮಿ ಆಗಿ ಎಲ್ಲಾ ಕೆಡುತ್ತದೆ. ಮತ್ತೆ ಒಳಗೆ ತಂತಿ ಇರುವ ಹಳೇ ತರಹದ ಬಲ್ಬೇ ಬೇಕು. ಎಲ್‌ಇಡಿ ಒಂದೂವರೆ ವೋಲ್ಟಿಗೆ ಸಾಮಾನ್ಯವಾಗಿ ಹತ್ತುವುದಿಲ್ಲ, ತಿರುಗಿಸಿ ಹಾಕಿದರಂತೂ ಇಲ್ಲವೇ ಇಲ್ಲ.

ಬಲ್ಬೂ ಸಿಗಲಿಲ್ಲ ಅಂದರೆ ಬಿಸಿಯೂಟದ ಅಡುಗೆಮನೆಗೆ ಹೋಗಿ. ನೀರು ಕೊತಕೊತ ಕುದಿಯುವಾಗ ಏಳುವ ಗುಳ್ಳೆಯೊಳಗೆ ಏನಿದೆ? ಇದನ್ನು ಒಂದು ಸಲ ಕೇಳಿ ನೋಡಿ. ಗಾಳಿ ಅನ್ನುತ್ತಾರೆ. ಸ್ವಲ್ಪ ಓದಿಕೊಂಡವರು ಹೈಡ್ರೋಜನ್, ಆಕ್ಸಿಜನ್ ಅನ್ನುತ್ತಾರೆ. ಗಾಳಿ ಆಗಿದ್ದರೆ ಅರ್ಧ ಗಂಟೆ ಕುದಿಸಿದ ಮೇಲೂ ಅಷ್ಟೊಂದು ಗಾಳಿ ಎಲ್ಲಿಂದ ಬರುತ್ತಾ ಇರುತ್ತೆ? ಹೈಡ್ರೋಜನ್ ಆಗಿದ್ದರೆ ಒಲೆಯ ಮೇಲೆ ಅದು ಭಗ್ಗಂತ ಹತ್ತಿಕೊಳ್ಳಬೇಕಿತ್ತು, ಅಲ್ವಾ? ಒಂದು ಮುಚ್ಚಳ ಮುಚ್ಚಿ ಎತ್ತಿ ತೋರಿಸಿ, ಹನಿ ಹನಿ ನೀರು. ಗುಳ್ಳೆಯಲ್ಲಿ ಇದ್ದದ್ದು ನೀರೇ, ಆವಿಯ ರೂಪದಲ್ಲಿ. ಭೌತ ಬದಲಾವಣೆಗೂ ರಾಸಾಯನಿಕ ಬದಲಾವಣೆಗೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ದಾರಿ ನನಗಂತೂ ಸಿಕ್ಕಿಲ್ಲ.

ಇನ್ನೊಂದು ತೊಡಕು ಇದೆ, ಅದರ ಬಗ್ಗೆ ತರಬೇತಿಗಳಲ್ಲಿ ಯಾರೂ ನನಗೆ ಹೇಳಿರಲಿಲ್ಲ. ನಮ್ಮ ಪದಗಳು. ಕನ್ನಡ ಮಾಧ್ಯಮದ ಮಗು ಪುಸ್ತಕದ ಪದವನ್ನು ಮನೆಯ ಅರ್ಥದಲ್ಲೇ ಓದುತ್ತದೆ. "ಕರೆಂಟು" ಅನ್ನುವ ಒಂದೇ ಪದವನ್ನು ತಗೊಳ್ಳಿ. ಕರೆಂಟು ಹೋಯ್ತು, ಕರೆಂಟ್ ಬಿಲ್ ಬಂತು, ಕರೆಂಟು ಹೊಡೀತು, ಕರೆಂಟು ಡಿಮ್ ಇದೆ. ಬಿಲ್ಲಿನಲ್ಲಿ ಇರುವುದು ಶಕ್ತಿ, ಒಂದು ಯೂನಿಟ್ ಅಂದರೆ 1000 ವಾಟಿನ ಉಪಕರಣ ಒಂದು ಗಂಟೆ ನಡೆದ ಲೆಕ್ಕ. ಡಿಮ್ ಆಗುವುದಕ್ಕೆ ಕಾರಣ ವೋಲ್ಟೇಜು, ಅಂದರೆ ವಿಭವಾಂತರ. ಹೊಡೆಯುವುದು ಮೈಯಲ್ಲಿ ಹರಿದ ಪ್ರವಾಹ. ಈ ನಾಲ್ಕು ವಾಕ್ಯಗಳನ್ನು ಬೋರ್ಡಿನ ಮೇಲೆ ಬರೆದು ಒಂದೊಂದರಲ್ಲೂ ಕರೆಂಟು ಅಂದರೆ ಏನು ಅಂತ ಮಕ್ಕಳ ಕೈಲೇ ಬಿಡಿಸಿ. ಒಂದು ಪೂರ್ತಿ ಪೀರಿಯಡ್ ಹೋಗುತ್ತದೆ, ಹೋಗಲಿ, ವಿದ್ಯುಚ್ಛಕ್ತಿ ಪಾಠದ ಅರ್ಧ ಕಷ್ಟ ಅಲ್ಲೇ ತೀರುತ್ತದೆ.

ಬಲ, ಶಕ್ತಿ, ಸಾಮರ್ಥ್ಯ ಮೂರೂ ಮನೆಯಲ್ಲಿ ಒಂದೇ, ಪುಸ್ತಕದಲ್ಲಿ ಮೂರಕ್ಕೂ ಬೇರೆ ಬೇರೆ ಮಾನ: ನ್ಯೂಟನ್, ಜೂಲ್, ವಾಟ್. ರಾಶಿ (ಇಂಗ್ಲಿಷಿನ ಮಾಸ್) ಅಂದ ಕೂಡಲೇ ಕಣದಲ್ಲಿನ ಭತ್ತದ ರಾಶಿ ನೆನಪಾಗುತ್ತದೆ, ಇಲ್ಲ ಮೇಷ, ವೃಷಭ. ಅಣು, ಪರಮಾಣು ಇನ್ನೂ ಕಷ್ಟ. ಪುಸ್ತಕದಲ್ಲಿ ಪರಮಾಣುಗಳು ಕೂಡಿ ಅಣು ಆಗುತ್ತದೆ ಅಂತ ಓದಿದ ಮಗು ಪೇಪರಿನಲ್ಲಿ ಕೈಗಾ ಅಣು ವಿದ್ಯುತ್ ಸ್ಥಾವರ, ಅಣುಬಾಂಬು ಅಂತ ಓದುತ್ತದೆ. ಅಲ್ಲಿ ಒಡೆಯುವುದು ಅಣು ಅಲ್ಲ, ಪರಮಾಣುವಿನ ನಡುವಿನ ನ್ಯೂಕ್ಲಿಯಸ್. ಒಬ್ಬಳು ಹುಡುಗಿ ಇದನ್ನು ತಾನೇ ಹಿಡಿದು ಪೇಪರಿನ ತುಂಡು ಕತ್ತರಿಸಿಕೊಂಡು ಬಂದಿದ್ದಳು. ಅದು ಈಗಲೂ ನನ್ನ ಹತ್ತಿರ ಇದೆ.

"ಕೆಲಸ" ಅನ್ನುವ ಪದದ ಹತ್ತಿರ ಮಾತ್ರ ಹುಷಾರಾಗಿ ಹೋಗಿ. ತಲೆಯ ಮೇಲೆ ಹೊರೆ ಹೊತ್ತು ನಿಂತರೆ ಭೌತಶಾಸ್ತ್ರದ ಪ್ರಕಾರ ಹೊರೆಯ ಮೇಲೆ ಕೆಲಸ ಆಗಿಲ್ಲ ಅಂತ ನಾನು ಹೇಳಿದಾಗ 9ನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು "ನಮ್ಮಮ್ಮ ದಿನಾ ಸೊಪ್ಪಿನ ಹೊರೆ ಹೊರ್ತಾರೆ ಸರ್, ಅದು ಕೆಲಸ ಅಲ್ವಾ?" ಅಂದಳು. ಅವಳ ದನಿ ನಡುಗುತ್ತಿತ್ತು. ಅವಳ ಕೋಪ ನ್ಯಾಯವಾದದ್ದು. ನಿಮ್ಮಮ್ಮನ ಸುಸ್ತು ಸುಳ್ಳಲ್ಲ, ಹೊರೆ ಹಿಡಿದು ನಿಲ್ಲಲು ಸ್ನಾಯುಗಳು ಎಡೆಬಿಡದೆ ಶಕ್ತಿ ಖರ್ಚು ಮಾಡುತ್ತವೆ, ಉಂಡ ಅನ್ನ ಅಲ್ಲಿ ಕರಗುತ್ತದೆ, ಪುಸ್ತಕದ "ಕೆಲಸ" ಲೆಕ್ಕ ಹಾಕುವುದು ಹೊರೆಗೆ ಎಷ್ಟು ಶಕ್ತಿ ಸೇರಿತು ಅನ್ನುವುದನ್ನು ಮಾತ್ರ, ನೆಲದಿಂದ ತಲೆಗೆ ಎತ್ತಿದಾಗ ಅದೂ ಆಗಿದೆ, ಅಂತ ನಿಧಾನವಾಗಿ ಹೇಳಿದೆ. ಆವತ್ತಿನಿಂದ ಆ ಪಾಠವನ್ನು ಅಲ್ಲಿಂದಲೇ ಶುರು ಮಾಡುತ್ತೇನೆ.

ರಸಾಯನಶಾಸ್ತ್ರಕ್ಕೆ ಬಂದರೆ ನಮ್ಮ ಕಡೆಯ ಮನೆಗಳೇ ಲ್ಯಾಬು. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುವುದು ಆರತಿಯ ಓಕುಳಿ ನೋಡಿದ ಎಲ್ಲಾ ಮಕ್ಕಳಿಗೂ ಗೊತ್ತು. ಅದಕ್ಕೆ ನಿಂಬೆಹಣ್ಣು ಹಿಂಡಿದರೆ ಏನಾಗುತ್ತೆ ಅಂತ ಯಾರೂ ನೋಡಿರುವುದಿಲ್ಲ. ಊಹೆ ಬರೆಸಿ, ಆಮೇಲೆ ಹಿಂಡಿಸಿ. ಮತ್ತೆ ಹಳದಿ! ಪ್ರತ್ಯಾಮ್ಲ (ಸುಣ್ಣ), ಆಮ್ಲ (ನಿಂಬೆ), ಸೂಚಕ (ಅರಿಶಿನ), ತಟಸ್ಥೀಕರಣ, ನಾಲ್ಕೂ ಒಂದೇ ಲೋಟದಲ್ಲಿ.

ಆದರೆ ನನಗೆ ತುಂಬಾ ಇಷ್ಟವಾದದ್ದು ಬೋರ್ಡೋ ದ್ರಾವಣ. ಮಲೆನಾಡಿನಲ್ಲಿ ಅಡಿಕೆಗೆ ಕೊಳೆ ರೋಗ ಬರದ ಹಾಗೆ ಮಳೆಗಾಲ ಹಿಡಿಯುವ ಮುಂಚೆ ಹೊಡೆಯುವ ಔಷಧಿ ಇದು. 1 ಕೆಜಿ ಮೈಲುತುತ್ತ (ಅಂದರೆ ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಹದ ಸರಿ ಇದೆಯಾ ಅಂತ ನೋಡಲು ನಮ್ಮ ರೈತರು ಅದರಲ್ಲಿ ಒಂದು ಕಬ್ಬಿಣದ ಚಾಕು ಅದ್ದುತ್ತಾರೆ. ಚಾಕುವಿನ ಮೇಲೆ ಕೆಂಪಗೆ ಕೂತರೆ ಇನ್ನೂ ಸುಣ್ಣ ಬೇಕು ಅಂತ ಲೆಕ್ಕ, ಇಲ್ಲದಿದ್ದರೆ ಬಿಡಿ ತುತ್ತ ಉಳಿದು ಗಿಡ ಸುಡುತ್ತದೆ. ಆ ಕೆಂಪು ಏನು? ತಾಮ್ರ. ಕಬ್ಬಿಣ ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ, ಅದು ದ್ರಾವಣಕ್ಕೆ ಇಳಿದು ತಾಮ್ರವನ್ನು ಹೊರಗೆ ತಳ್ಳುತ್ತದೆ. 10ನೇ ಕ್ಲಾಸಿನ ಪುಸ್ತಕದಲ್ಲಿ ಕಬ್ಬಿಣದ ಮೊಳೆ ಮತ್ತು ತಾಮ್ರದ ಸಲ್ಫೇಟ್ ಅಂತ ಇರುವ ಸ್ಥಾನಪಲ್ಲಟ ಕ್ರಿಯೆ ಇದೇ! ಫ್ರಾನ್ಸಿನಲ್ಲಿ 1885ರ ಸುಮಾರಿಗೆ ದ್ರಾಕ್ಷಿ ಬಳ್ಳಿಯ ರೋಗಕ್ಕೆ ಕಂಡುಕೊಂಡ ಔಷಧಿ ಇದು, ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ 20ನೇ ಶತಮಾನದ ಆರಂಭದಲ್ಲಿ ನಮ್ಮ ಅಡಿಕೆ ತೋಟಗಳಿಗೆ ತಂದರು. "ಇದನ್ನು ಯಾಕೆ ಕಬ್ಬಿಣದ ಪಾತ್ರೆಯಲ್ಲಿ ಕಲಸಲ್ಲ, ಮನೆಯಲ್ಲಿ ಕೇಳಿಕೊಂಡು ಬನ್ನಿ" ಅಂತ ಕಳಿಸಿದರೆ ಮರುದಿನ ಕ್ಲಾಸಿನಲ್ಲಿ ಮಾತಾಡದ ಮಕ್ಕಳೂ ಮಾತಾಡುತ್ತಾರೆ, ಯಾಕೆಂದರೆ ಉತ್ತರ ಅವರ ಅಪ್ಪನ ಹತ್ತಿರ ಇದೆ. ತುತ್ತ ವಿಷ, ಮಕ್ಕಳ ಕೈ ಬಾಯಿಗೆ ಹೋಗದ ಹಾಗೆ ನೋಡಿಕೊಳ್ಳಿ. ಸುಟ್ಟ ಸುಣ್ಣಕ್ಕೆ ನೀರು ಹಾಕುವುದಿದ್ದರೆ ನೀವೇ ಹಾಕಿ, ಮಕ್ಕಳು ದೂರ ನಿಲ್ಲಲಿ, ಕಣ್ಣಿಗೆ ಸಿಡಿದರೆ ಅಪಾಯ. ನಿಮ್ಮೂರು ಬಯಲುಸೀಮೆಯಾದರೆ ಅಲ್ಲಿನ ಹೊಲದಲ್ಲಿ, ಕುಂಬಾರರ ಆವಿಗೆಯಲ್ಲಿ, ಕಮ್ಮಾರರ ಕುಲುಮೆಯಲ್ಲಿ ಇಂಥದ್ದೇ ಇನ್ನೇನೋ ಸಿಗುತ್ತದೆ, ಹುಡುಕಿ.

ಸಮೀಕರಣ ಸರಿದೂಗಿಸಲು ಹೆಸರುಕಾಳು ಮತ್ತು ಹುಣಸೆಬೀಜ ಸಾಕು. ಹೆಸರುಕಾಳು ಹೈಡ್ರೋಜನ್, ಹುಣಸೆಬೀಜ ಆಕ್ಸಿಜನ್, ಎರಡೂ ಜೋಡಿಯಾಗೇ ಇರುತ್ತವೆ ಅಂತ ಹೇಳಿ ನೀರು ಮಾಡಿಸಿ. ಒಂದು ಹುಣಸೆಬೀಜ ಉಳಿಯುತ್ತದೆ. ಎಸೆಯುವ ಹಾಗಿಲ್ಲ. ಇನ್ನೊಂದು ಜೋಡಿ ಹೆಸರುಕಾಳು ತರಲೇಬೇಕು. ಉಳಿದ ಬೀಜವನ್ನು ಆದ ನೀರಿಗೇ ಅಂಟಿಸುತ್ತೇನೆ ಅಂದವನಿಗೆ, ಅದು ನೀರಲ್ಲ, ಗಾಯಕ್ಕೆ ಹಾಕಿದರೆ ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್ ಅಂತ ಹೇಳಿ. ಸೂತ್ರದ ಕೆಳಗಿನ ಅಂಕಿಯನ್ನು ಯಾಕೆ ಮುಟ್ಟಬಾರದು ಅನ್ನುವುದು ಅಲ್ಲಿಗೆ ಇತ್ಯರ್ಥ.

ಬೆಳಕಿನ ಪಾಠದಲ್ಲಿ ಒಂದನ್ನು ಮಾತ್ರ ಬಿಡಬೇಡಿ. 4 ಅಡಿ ಆಳದ ನೀರು ಮೇಲಿನಿಂದ ನೇರ ನೋಡಿದರೆ ಸುಮಾರು 3 ಅಡಿಯ ಹಾಗೆ ಕಾಣುತ್ತದೆ. ಬಟ್ಟಲಲ್ಲಿ ನಾಣ್ಯ ಇಟ್ಟು ನೀರು ಹೊಯ್ದು ತೋರಿಸಿ, ಆಮೇಲೆ ಹೊಳೆಗೆ ಹಾರುವ ಹುಡುಗರಿಗೆ ಈ ಲೆಕ್ಕ ಹಾಕಿಸಿ.

ಪೋರ್ಷನ್ ಮುಗಿಯಬೇಕಲ್ಲ ಅಂತೀರಾ? ನಿಜ. ಎಸ್‌ಎಸ್‌ಎಲ್‌ಸಿಯ 80 ಅಂಕದ ಪೇಪರ್ ಎದುರಿಗೇ ಇರುತ್ತದೆ. ಎಲ್ಲಾ ಪಾಠಕ್ಕೂ ಹೀಗೆ ಮಾಡಲು ನನಗೂ ಆಗುವುದಿಲ್ಲ. ಒಂದು ಪಾಠಕ್ಕೆ ಇಂಥ ಒಂದು ಪ್ರಶ್ನೆ, ಒಂದು ಪೀರಿಯಡ್, ಅಷ್ಟೇ. ಉಳಿದದ್ದನ್ನು ಎಂದಿನ ಹಾಗೆ ಮಾಡುತ್ತೇನೆ, ನಿರೂಪಣೆ, ಚಿತ್ರ, ಹಳೇ ಪ್ರಶ್ನೆಪತ್ರಿಕೆ ಎಲ್ಲಾ ಇರುತ್ತದೆ. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ಶುರುವಾದ ವಿಜ್ಞಾನ ಕಾರ್ಯಕ್ರಮದಲ್ಲಿ ಹಳ್ಳಿ ಮಕ್ಕಳು ಗುಂಪಿನಲ್ಲಿ ಪ್ರಯೋಗ ಮಾಡಿಯೇ ಕಲಿಯುತ್ತಿದ್ದರು, ಪರೀಕ್ಷೆಗೂ ಪುಸ್ತಕ ತೆರೆದಿಟ್ಟುಕೊಳ್ಳಬಹುದಿತ್ತು. ಅದು 2002ರವರೆಗೆ, 30 ವರ್ಷ ನಡೆಯಿತು. ನಮಗೆ ಅಂಥ ಪರೀಕ್ಷೆ ಇಲ್ಲ. ಆದರೆ ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆ ಮಾಡುವವರು ನಾವೇ ಅಲ್ವಾ? ಅದರಲ್ಲಿ "ವ್ಯಾಖ್ಯಾನಿಸಿ" ಅನ್ನುವ ಒಂದು ಪ್ರಶ್ನೆ ತೆಗೆದು "ಹೀಗೆ ಮಾಡಿದರೆ ಏನಾಗುತ್ತದೆ, ಯಾಕೆ" ಅಂತ ಒಂದು ಹಾಕಿ. ಮಕ್ಕಳು ಓದುವ ರೀತಿ ಪ್ರಶ್ನೆ ಬದಲಾದ ಹಾಗೆ ಬದಲಾಗುತ್ತದೆ.

ಮತ್ತೊಂದು ಮಾತು. ಮಗು ತಪ್ಪು ಉತ್ತರ ಹೇಳಿದಾಗ "ತಪ್ಪು, ಕೂತ್ಕೋ" ಅನ್ನಬೇಡಿ. "ಯಾಕೆ ಹಾಗನ್ನಿಸ್ತು?" ಅಂತ ಕೇಳಿ, ಕೇಳಿ ಸುಮ್ಮನೆ ಕಾಯಿರಿ. ಹತ್ತು ಸೆಕೆಂಡಿನ ಆ ಮೌನ ಮೊದಮೊದಲು ತುಂಬಾ ಉದ್ದ ಅನ್ನಿಸುತ್ತದೆ. ತಡೆದುಕೊಳ್ಳಿ.

ಈಗ ನಿಮ್ಮ ಕ್ಲಾಸಿನಲ್ಲಿ ಯಾವ ಪಾಠ ನಡೆಯುತ್ತಿದೆ ಅಂತ ಬರೆಯಿರಿ. ಪ್ರತಿ ಪಾಠಕ್ಕೂ ಮಕ್ಕಳು ಕೊಟ್ಟ ಉತ್ತರಗಳನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ನಿಮ್ಮ ಪಾಠಕ್ಕೆ ಸಂಬಂಧಿಸಿದ್ದು ಇದ್ದರೆ ಇಲ್ಲೇ ಹಾಕುತ್ತೇನೆ.