ಅಪ್ಪ ಎಲ್ಲಿದ್ದಾರೆ ಅಂತ ಮಗು ನಿಮ್ಮನ್ನೇ ಕೇಳಿದರೆ?

ಅಪ್ಪ ಅಥವಾ ಅಮ್ಮ ಜೈಲಿನಲ್ಲಿರುವ ಮಕ್ಕಳ ಜೊತೆ ಕೆಲಸ ಮಾಡುವವರು ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಬರೆದವರಲ್ಲಿ ಸ್ವಯಂಸೇವಕರಿದ್ದಾರೆ, ಸಮಾಜ ಕಾರ್ಯಕರ್ತರಿದ್ದಾರೆ, ಶಿಕ್ಷಕರೂ ಇದ್ದಾರೆ. ಉತ್ತರ ಕೊಟ್ಟವರು ಮಕ್ಕಳ ಆಪ್ತಸಮಾಲೋಚಕರು.

ಪ್ರಶ್ನೆ: ನಾನು ನೋಡಿಕೊಳ್ಳುವ ಹುಡುಗನಿಗೆ ಏಳು ವರ್ಷ. ಅಪ್ಪನ ಕೇಸು ಇನ್ನೂ ನಡೀತಿದೆ, ಅವರು ಜೈಲಲ್ಲಿದ್ದಾರೆ. ಅಜ್ಜಿ ಮಾತ್ರ "ದೂರದ ಊರಿಗೆ ಕೆಲಸಕ್ಕೆ ಹೋಗಿದ್ದಾನೆ" ಅಂತ ಹೇಳಿದ್ದಾರೆ. ನಾವೂ ಹಾಗೇ ಹೇಳಬೇಕಂತೆ. ಮೊನ್ನೆ ಹುಡುಗ "ಅಪ್ಪ ಕೆಲಸಕ್ಕೆ ಹೋಗಿರೋದು ನಿಜಾನಾ?" ಅಂದ. ನಾನು ಮಾತು ಬದಲಾಯಿಸಿಬಿಟ್ಟೆ. ಏನು ಹೇಳಬೇಕಿತ್ತು?

ಹಾಗೆ ಕೇಳಿದ್ದಾನೆ ಅಂದರೆ ಅವನಿಗೆ ಅನುಮಾನ ಬಂದು ಎಷ್ಟೋ ದಿನ ಆಗಿದೆ. ದೊಡ್ಡವರ ಪಿಸುಮಾತು, ಬಾಗಿಲು ತಟ್ಟಿದಾಗ ಅಜ್ಜಿ ಬೆಚ್ಚಿಬೀಳೋದು, ಅಪ್ಪನಿಂದ ಒಂದು ಫೋನೂ ಬರದೇ ಇರೋದು, ಇದನ್ನೆಲ್ಲ ಅವನು ನೋಡ್ತಾನೇ ಇದ್ದಾನೆ. ಈಗ ಅವನು ಪರೀಕ್ಷೆ ಮಾಡುತ್ತಿರೋದು ನಿಮ್ಮನ್ನು. ಈ ಮನುಷ್ಯರನ್ನು ನಂಬಬಹುದಾ ಅಂತ.

ಅಜ್ಜಿಯ ಬೆನ್ನ ಹಿಂದೆ ನೀವೇ ಹೇಳಿಬಿಡಬೇಡಿ. ಹಾಗಂತ ಅಜ್ಜಿಯ ಸುಳ್ಳನ್ನು ನಿಮ್ಮ ಬಾಯಿಂದಲೂ ಹೇಳಬೇಡಿ. ಆ ಕ್ಷಣಕ್ಕೆ ಇಷ್ಟು ಸಾಕು: "ನೀನು ಕೇಳಿದ್ದು ಒಳ್ಳೇದಾಯ್ತು. ಇದನ್ನ ಅಜ್ಜಿನೇ ಹೇಳಬೇಕು. ನೀನು ಕೇಳಿದೆ ಅಂತ ಅವರಿಗೆ ಹೇಳಲಾ? ಮೂರೂ ಜನ ಕೂತು ಮಾತಾಡೋಣ." ಆಮೇಲೆ ಅದನ್ನು ತಿಂಗಳುಗಟ್ಟಲೆ ಎಳೆಯಬೇಡಿ. ಮಾತು ಬದಲಾಯಿಸಿದ್ದನ್ನೂ ಸರಿಮಾಡಬಹುದು. "ಅವತ್ತು ನೀನು ಒಂದು ಪ್ರಶ್ನೆ ಕೇಳಿದ್ದೆ, ನಾನು ಉತ್ತರ ಕೊಡಲಿಲ್ಲ" ಅಂತ ನೀವೇ ಶುರು ಮಾಡಿ.

ನಿಜವಾದ ಕೆಲಸ ಇರೋದು ಅಜ್ಜಿಯ ಹತ್ತಿರ. ಅವರಿಗೆ ಉಪದೇಶ ಮಾಡೋಕೆ ಹೋಗಬೇಡಿ. ನಿಮಗೆ ಯಾವುದರ ಭಯ ಅಂತ ಕೇಳಿ. ಮೊಮ್ಮಗ ಶಾಲೆಯಲ್ಲಿ ಬಾಯಿಬಿಟ್ಟರೆ ಅನ್ನುವ ಭಯ ಇರಬಹುದು, ಅವನು ಅತ್ತರೆ ಸಮಾಧಾನ ಮಾಡೋಕೆ ನನ್ನ ಕೈಲಾಗಲ್ಲ ಅನ್ನುವ ಭಯ ಇರಬಹುದು. ಭಯ ಯಾವುದು ಅಂತ ಗೊತ್ತಾದರೆ ಅದಕ್ಕೊಂದು ದಾರಿ ಹುಡುಕಬಹುದು. ಸುದ್ದಿ ಬೇರೆಯವರ ಬಾಯಿಂದ, ಜಗಳದ ಮಧ್ಯೆ, ಬೈಗುಳದ ರೂಪದಲ್ಲಿ ಅವನ ಕಿವಿಗೆ ಬೀಳೋದಕ್ಕಿಂತ ನಿಮ್ಮ ಬಾಯಿಂದ ಬಂದರೆ ಮೇಲಲ್ವಾ ಅಂತ ಕೇಳಿ ನೋಡಿ.

ಅಜ್ಜಿ ಒಪ್ಪಿದ ಮೇಲೆ ಮಾತುಗಳನ್ನು ಜೊತೆಗೆ ಕೂತು ಹೊಂದಿಸಿ. ಕೇಸು ಇನ್ನೂ ಮುಗಿದಿಲ್ಲ, ಹಾಗಾಗಿ "ಅಪ್ಪ ತಪ್ಪು ಮಾಡಿದ್ದಾರೆ" ಅನ್ನೋದು ಸರಿಯಲ್ಲ. "ಅಪ್ಪ ಒಂದು ತಪ್ಪು ಮಾಡಿದ್ದಾರೆ ಅಂತ ಪೊಲೀಸರು ಹೇಳ್ತಿದ್ದಾರೆ. ಅದು ನಿಜವಾ ಅಂತ ಕೋರ್ಟು ನೋಡ್ತಿದೆ. ಅಲ್ಲಿವರೆಗೂ ಅಪ್ಪ ಜೈಲಲ್ಲಿ ಇರಬೇಕು." ಏಳು ವರ್ಷದವನಿಗೆ ಇಷ್ಟು ಸಾಕು. ಆಮೇಲೆ ಅವನು ಕೇಳದಿದ್ದರೂ ಎರಡು ಮಾತು ಸೇರಿಸಿ: ಇದು ನಿನ್ನಿಂದ ಆಗಿದ್ದಲ್ಲ, ನಿನ್ನನ್ನ ನೋಡಿಕೊಳ್ಳೋಕೆ ಅಜ್ಜಿ ಇದ್ದಾರೆ. ಈ ವಯಸ್ಸಿನ ಮಕ್ಕಳು ನಾನು ಹಟ ಮಾಡಿದ್ದಕ್ಕೇ ಅಪ್ಪ ಹೋದರು ಅಂತ ಅಂದುಕೊಂಡಿರುತ್ತಾರೆ. ಬಾಯಿಬಿಟ್ಟು ಹೇಳೋದಿಲ್ಲ ಅಷ್ಟೆ.

ಕಾನೂನು, ಕೋರ್ಟಿನ ಪ್ರಶ್ನೆ ಬರುತ್ತೆ ಅಂತ ತಯಾರಾಗಿ ಹೋಗಿರುತ್ತೀರಿ. ಬರೋದು ಬೇರೆಯವೇ. ಅಲ್ಲಿ ದಿಂಬು ಕೊಡ್ತಾರಾ? ರಾತ್ರಿ ಲೈಟ್ ಆರಿಸ್ತಾರಾ? ಹಲ್ಲುನೋವು ಬಂದರೆ ಡಾಕ್ಟರ್ ಇರ್ತಾರಾ? ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದಿದ್ದರೆ ಕೇಳಿಕೊಂಡು ಬಂದು ಹೇಳ್ತೀನಿ ಅನ್ನಿ, ಮತ್ತೆ ಮರೆಯದೆ ಕೇಳಿಕೊಂಡು ಬನ್ನಿ. ದಿಂಬಿನ ವಿಷಯ ತಿಳಿದುಕೊಂಡು ಬಂದು ಹೇಳಿದವರನ್ನು ಮಗು ಆಮೇಲೆ ದೊಡ್ಡ ವಿಷಯಕ್ಕೂ ನಂಬುತ್ತದೆ.

ಗೆಳೆಯರು ಕೇಳಿದರೆ ಏನು ಹೇಳಬೇಕು ಅನ್ನೋದನ್ನೂ ಕಲಿಸಿಕೊಡಿ. "ಅಪ್ಪ ಈಗ ನಮ್ಮ ಜೊತೆ ಇಲ್ಲ. ಅದರ ಬಗ್ಗೆ ಮಾತಾಡೋಕೆ ನಂಗಿಷ್ಟ ಇಲ್ಲ." ಇದರಲ್ಲಿ ಸುಳ್ಳೂ ಇಲ್ಲ, ಗುಟ್ಟೂ ರಟ್ಟಾಗಲ್ಲ. ನಾಲ್ಕೈದು ಸಲ ಜೋರಾಗಿ ಹೇಳಿಸಿ ಅಭ್ಯಾಸ ಮಾಡಿಸಿ.

ಇನ್ನೊಂದು ವಿಷಯ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿಯಲ್ಲಿ ಈ ಮಕ್ಕಳಿಗೆ ಸೇರಿದ ಮಾತಿದೆ. ಸರ್ಕಾರವೇ ಅಪ್ಪ ಅಮ್ಮನನ್ನು ಜೈಲಿಗೆ ಹಾಕಿ ಮಗುವಿನಿಂದ ದೂರ ಮಾಡಿದ್ದರೆ, ಅವರು ಎಲ್ಲಿದ್ದಾರೆ ಅಂತ ಕೇಳಿದಾಗ ತಿಳಿಸಬೇಕು. ಅದರಿಂದ ಮಗುವಿಗೇ ಕೆಡುಕಾಗುತ್ತೆ ಅನ್ನುವ ಹಾಗಿದ್ದರೆ ಮಾತ್ರ ಬೇಡ. ನಿಮ್ಮ ಹುಡುಗ ಕೇಳುತ್ತಿರೋದು ಅದನ್ನೇ.

ಪ್ರಶ್ನೆ: ಒಂಬತ್ತು ವರ್ಷದ ಹುಡುಗಿಯನ್ನು ಅಮ್ಮನ ಭೇಟಿಗೆ ಜೈಲಿಗೆ ಕರೆದುಕೊಂಡು ಹೋಗುತ್ತೇನೆ. ಹೋಗಿ ಬಂದ ಎರಡು ಮೂರು ದಿನ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾಳೆ, ತಮ್ಮನಿಗೆ ಹೊಡೆಯುತ್ತಾಳೆ. ಭೇಟಿ ಸಾಕು ಅಂತ ಚಿಕ್ಕಮ್ಮ ಹೇಳುತ್ತಿದ್ದಾರೆ. ನಿಲ್ಲಿಸೋದೇ ಒಳ್ಳೇದಾ?

ಅವಸರ ಮಾಡಬೇಡಿ. ಅಮ್ಮನನ್ನು ನೋಡಿ ಮತ್ತೆ ಅಲ್ಲೇ ಬಿಟ್ಟು ಬರಬೇಕು ಅಂದರೆ ಪ್ರತಿ ಸಲವೂ ಹೊಸದಾಗಿ ಅಗಲಬೇಕು. ವ್ಯಕ್ತಿ ಬದುಕಿದ್ದಾರೆ ಆದರೆ ಜೊತೆಗಿಲ್ಲ ಅನ್ನುವಂಥ ನಷ್ಟದ ಬಗ್ಗೆ ಅಮೆರಿಕದ ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ 1970ರ ದಶಕದಿಂದ ಕೆಲಸ ಮಾಡಿದ್ದಾರೆ. ಸಾವಾದರೆ ನಾಲ್ಕು ಜನ ಬಂದು ಸಮಾಧಾನ ಹೇಳುತ್ತಾರೆ. ಅಮ್ಮ ಜೈಲಿಗೆ ಹೋದರೆ ಬರುವವರೂ ಬರೋದು ನಿಲ್ಲಿಸುತ್ತಾರೆ. ಆ ಸಂಕಟ ಎಲ್ಲಾದರೂ ಹೊರಗೆ ಬರಲೇಬೇಕಲ್ಲ.

ಹಾಗಾಗಿ ನಿಲ್ಲಿಸಬೇಕಾ ಅಂತ ಕೇಳುವ ಮೊದಲು, ಆ ದಿನದಲ್ಲಿ ಅವಳಿಗೆ ಯಾವುದು ಕಷ್ಟ ಆಗ್ತಿದೆ ಅಂತ ಹುಡುಕಿ. ಮಗುವಿನ ಎತ್ತರದಿಂದ ಒಮ್ಮೆ ನೋಡಿ. ಉದ್ದ ಸಾಲು. ಚಪ್ಪಲಿ ಬಿಚ್ಚಿಸಿ ತಪಾಸಣೆ. ಹಿಂದೆ ಧಡ್ ಅಂತ ಮುಚ್ಚುವ ಬಾಗಿಲು. ಅಮ್ಮ ಗಾಜಿನ ಆಚೆ, ಮಾತು ಫೋನಿನಲ್ಲಿ, ಪಕ್ಕದವರೆಲ್ಲ ಕಿರುಚಿ ಮಾತಾಡುವ ಗದ್ದಲ. ಆಮೇಲೆ ಇದ್ದಕ್ಕಿದ್ದ ಹಾಗೆ ಟೈಮ್ ಆಯ್ತು. ಇದರಲ್ಲಿ ಯಾವುದನ್ನಾದರೂ ಅವಳಿಗೆ ಮೊದಲೇ ಹೇಳಿದ್ದೀರಾ? ಮುಟ್ಟೋಕೆ ಆಗಲ್ಲ, ಗಾಜು ಇರುತ್ತೆ ಅಂತ ಗೊತ್ತಿಲ್ಲದೆ ಓಡಿಹೋದ ಮಗು, ಅಮ್ಮನೇ ನನ್ನನ್ನು ಎತ್ತಿಕೊಳ್ಳಲಿಲ್ಲ ಅಂತ ತಿಳಿಯುತ್ತದೆ.

ಸಂಶೋಧಕಿ ಜೂಲಿ ಪೋಲ್‌ಮನ್ ಮತ್ತು ಸಂಗಡಿಗರು ಇಂಥ ಭೇಟಿಗಳ ಅಧ್ಯಯನಗಳನ್ನು 2010ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಮಕ್ಕಳಿಗೆ ಹೊಂದುವ ಜಾಗ, ಮುಂಚಿನ ತಯಾರಿ ಇದ್ದ ಕಡೆ ಭೇಟಿಯಿಂದ ಒಳ್ಳೆಯದಾಗಿತ್ತು. ಇಲ್ಲದ ಕಡೆ ಮಕ್ಕಳು ತಳಮಳಗೊಂಡಿದ್ದರು. ಅಂದರೆ ಭೇಟಿ ಬೇಕಾ ಬೇಡವಾ ಅನ್ನೋದಕ್ಕಿಂತ ಅದು ಹೇಗೆ ನಡೆಯುತ್ತೆ ಅನ್ನೋದೇ ಮುಖ್ಯ.

ನಿಮ್ಮ ಕೈಲಿರುವ ಒಂದು ವಿಷಯ ಹೇಳ್ತೀನಿ. ಭೇಟಿಯ ಸಮಯವನ್ನು ದೊಡ್ಡವರು ನುಂಗಿಬಿಡುತ್ತಾರೆ. ಜಾಮೀನು ಏನಾಯ್ತು, ವಕೀಲರು ಏನಂದರು, ದುಡ್ಡಿಗೇನು ಮಾಡೋದು. ಅಮ್ಮನಿಗೆ ಹೇಳೋಕೆ ಅಂತ ಪದ್ಯ ಬಾಯಿಪಾಠ ಮಾಡಿಕೊಂಡು ಹೋದ ಒಬ್ಬಳು ಹುಡುಗಿ, ಕರೆದುಕೊಂಡು ಹೋದವರ ಸೀರೆ ಸೆರಗು ಹಿಡಿದುಕೊಂಡೇ ನಿಂತಿದ್ದು, ಪದ್ಯ ಹೇಳದೇ ವಾಪಸ್ ಬಂದದ್ದು ನನಗೆ ಗೊತ್ತು. ಸರದಿ ಬರುವಷ್ಟರಲ್ಲಿ ಟೈಮ್ ಮುಗಿದಿತ್ತು. ಮೊದಲ ಹತ್ತು ನಿಮಿಷ ಮಗುವಿನದು ಅಂತ ಚಿಕ್ಕಮ್ಮನ ಜೊತೆ ಮೊದಲೇ ಮಾತಾಡಿಕೊಳ್ಳಿ. ಕೇಸಿನ ಮಾತು ಕೊನೆಗೆ.

ಅಮ್ಮನನ್ನೂ ತಯಾರು ಮಾಡಬೇಕು. ಇದನ್ನು ನಾವು ಮರೆತೇಬಿಡುತ್ತೇವೆ. "ಮುಂದಿನ ತಿಂಗಳು ಬಂದುಬಿಡ್ತೀನಿ ಪುಟ್ಟಿ" ಅಂತ ಪ್ರೀತಿಯಿಂದಲೇ ಹೇಳಿರುತ್ತಾಳೆ. ಮಗು ಕ್ಯಾಲೆಂಡರ್ ಮೇಲೆ ಗುರುತು ಹಾಕಿಕೊಂಡಿರುತ್ತೆ. ತಾರೀಕು ಗೊತ್ತಿಲ್ಲದಿದ್ದರೆ ಹೇಳಬೇಡಿ ಅಂತ ಅವಳಿಗೆ ತಿಳಿಸಿ. ಹೊರಡುವಾಗ ಹೇಗೆ ಟಾಟಾ ಮಾಡೋದು ಅಂತಲೂ ಒಂದು ರೂಢಿ ಮಾಡಿಕೊಳ್ಳಲಿ.

ತಪಾಸಣೆ ಒರಟಾಗಿದ್ದರೆ ಸುಮ್ನೆ ಸಹಿಸಬೇಕಿಲ್ಲ. ಭೇಟಿಗೆ ಬಂದವರನ್ನು ತಪಾಸಣೆ ಮಾಡುವಾಗ ಅವಮಾನ ಮಾಡಬಾರದು ಅಂತ 2015ರ ನೆಲ್ಸನ್ ಮಂಡೇಲಾ ನಿಯಮಗಳು ಹೇಳುತ್ತವೆ. ಮಹಿಳಾ ಕೈದಿಗಳಿಗಾಗಿ 2010ರಲ್ಲಿ ಮಾಡಿದ ಬ್ಯಾಂಕಾಕ್ ನಿಯಮಗಳು ಇನ್ನೂ ಮುಂದೆ ಹೋಗಿ, ತಾಯಿ ಮಗು ಮುಟ್ಟಿ ಮಾತಾಡುವ ಹಾಗಿರಬೇಕು, ಶಿಸ್ತಿನ ಹೆಸರಿನಲ್ಲಿ ಮಕ್ಕಳ ಭೇಟಿಗೆ ತಡೆ ಹಾಕಬಾರದು ಅನ್ನುತ್ತವೆ. ಎರಡೂ ವಿಶ್ವಸಂಸ್ಥೆಯವು. ಜೈಲಿನ ಅಧಿಕಾರಿಗಳಿಗೆ ಅರ್ಜಿ ಬರೆಯುವಾಗ ಹೆಸರು ಹಿಡಿದು ಬರೆಯಿರಿ.

ವಾಪಸ್ ಬರುವಾಗ ಪ್ರಶ್ನೆ ಬೇಡ. "ಅಮ್ಮ ಏನಂದಳು, ಹೇಗಿದ್ದಳು" ಅಂತ ಮನೆಯವರೂ ಸುತ್ತುವರಿಯೋದು ಬೇಡ. ಹಾಸಿಗೆ ಒದ್ದೆಯಾದರೆ ಬೈಯದೆ ಬಟ್ಟೆ ಬದಲಾಯಿಸಿದರೆ ಸಾಕು. ಭೇಟಿಗೂ ಅದಕ್ಕೂ ನಂಟಿಲ್ಲದೆ ವಾರಗಟ್ಟಲೆ ನಡೆದರೆ ಡಾಕ್ಟರಿಗೆ ತೋರಿಸಿ. ಅವಳೇ ಪದೇ ಪದೇ ಹೋಗಲ್ಲ ಅಂದರೆ, ಅಲ್ಲಿ ಅವಳ ಮೇಲೆ ಒತ್ತಡ ಬೀಳ್ತಿದ್ದರೆ, ಇಲ್ಲವೇ ಕೋರ್ಟು ಬೇಡ ಅಂದಿದ್ದರೆ, ಆಗ ಭೇಟಿ ನಿಲ್ಲಿಸೋದೇ ಸರಿ. ಕೋರ್ಟಿನ ತಡೆ ಇಲ್ಲದಿದ್ದರೆ, ಅವಳಿಗೆ ಬೇಕು ಅನಿಸಿದರೆ, ಪತ್ರ, ಚಿತ್ರ, ಫೋನು ಮುಂದುವರಿಯಲಿ.

ಪ್ರಶ್ನೆ: ಹುಡುಗನ ಅಪ್ಪ ಜೈಲಲ್ಲಿದ್ದಾರೆ ಅಂತ ಶಾಲೆಗೆ ತಿಳಿಸಬೇಕಾ?

ಎಲ್ಲರಿಗೂ ಬೇಡ. ಮನೆಯವರು ಒಪ್ಪಿದರೆ, ಹುಡುಗ ಸ್ವಲ್ಪ ದೊಡ್ಡವನಾಗಿದ್ದರೆ ಅವನೂ ಒಪ್ಪಿದರೆ, ಅವನೇ ತೋರಿಸುವ ಒಬ್ಬ ಶಿಕ್ಷಕರಿಗೆ ಮಾತ್ರ ಹೇಳಿ.

ಕಾರಣ ಇದೆ. ಸಂಶೋಧಕಿ ಡೇನಿಯಲ್ ಡಲೇರ್ ಮತ್ತು ಸಂಗಡಿಗರು 2010ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ತರಗತಿಗೆ ಹೊಸದಾಗಿ ಬಂದ ಒಬ್ಬ ಕಾಲ್ಪನಿಕ ಹುಡುಗಿಯ ಬಗ್ಗೆ ಶಿಕ್ಷಕರಿಗೆ ಹೇಳಿದರು. ಕೆಲವರಿಗೆ ಅಮ್ಮ ಜೈಲಿನಲ್ಲಿದ್ದಾಳೆ ಅಂದರು, ಉಳಿದವರಿಗೆ ಅಮ್ಮ ದೂರ ಇರೋದಕ್ಕೆ ಬೇರೆ ಕಾರಣ ಕೊಟ್ಟರು. ಜೈಲು ಅಂತ ಕೇಳಿದ ಶಿಕ್ಷಕರು ಹುಡುಗಿಯ ಸಾಮರ್ಥ್ಯ ಕಮ್ಮಿ ಅಂತ ಅಂದಾಜು ಮಾಡಿದರು. ಅವಳು ಇನ್ನೂ ಒಂದಕ್ಷರ ಬರೆದಿರಲಿಲ್ಲ!

"ಅಪ್ಪನ ಹಾಗೇ ಆಗ್ತಾನೆ" ಅನ್ನುವವರಿಗೆ ಇನ್ನೊಂದು ಉತ್ತರ ಇಟ್ಟುಕೊಳ್ಳಿ. ಸಂಶೋಧಕರಾದ ಜೋಸೆಫ್ ಮರ್ರೆ, ಡೇವಿಡ್ ಫ್ಯಾರಿಂಗ್ಟನ್, ಇವಾನಾ ಸೆಕೊಲ್ 2012ರಲ್ಲಿ 40 ಅಧ್ಯಯನಗಳನ್ನು ಜೋಡಿಸಿ ನೋಡಿದರು. ಪುಂಡತನ, ಕಾನೂನು ಮೀರೋದು ಇಂಥ ಮಕ್ಕಳಲ್ಲಿ ಸ್ವಲ್ಪ ಜಾಸ್ತಿ ಕಂಡಿದ್ದು ನಿಜ. ಆದರೆ ಕಟ್ಟುನಿಟ್ಟಾಗಿ ಮಾಡಿದ ಅಧ್ಯಯನಗಳಲ್ಲಿ ಮಾನಸಿಕ ತೊಂದರೆ, ಡ್ರಗ್ಸ್, ಓದಿನಲ್ಲಿ ಹಿಂದೆ ಬೀಳೋದು ಇವಕ್ಕೂ ಅಪ್ಪ ಅಮ್ಮ ಜೈಲಿಗೆ ಹೋಗಿದ್ದಕ್ಕೂ ನಂಟು ಕಾಣಲಿಲ್ಲ.

ಪ್ರಶ್ನೆ: ನಮ್ಮ ಸಂಸ್ಥೆಯಲ್ಲಿ ಪ್ರತಿ ಮಗುವಿಗೂ ಬಾಲ್ಯದ ಕಷ್ಟಗಳಿಗೆ 10ಕ್ಕೆ ಇಷ್ಟು ಅಂತ ಅಂಕ ಹಾಕಿ, ಜಾಸ್ತಿ ಬಂದವರಿಗೆ ಮೊದಲು ನೆರವು ಕೊಡುತ್ತೇವೆ. ಇದು ಸರಿಯಾ?

ಸರಿಯಲ್ಲ. ನೀವು ಅಂಕ ಹಾಕುವ, ACE ಅನ್ನುವ ಹತ್ತು ಕಷ್ಟಗಳ ಪಟ್ಟಿಯಲ್ಲಿ ಮನೆಯವರು ಜೈಲಿಗೆ ಹೋಗಿರೋದೂ ಒಂದು ಅಂಶ, ನಿಜ. ಆದರೆ ಅದು ಸಾವಿರಾರು ಜನರ ಆರೋಗ್ಯ ಅಳೆಯೋಕೆ ಮಾಡಿದ್ದು. ಒಂದೊಂದು ಮಗುವಿನ ಮುಂದಿನ ಕಥೆ ಹೇಳೋಕೆ ಇದನ್ನು ಬಳಸಬೇಡಿ ಅಂತ, ಆ ಪಟ್ಟಿಯ ಹಿಂದಿನ ಮೂಲ ಅಧ್ಯಯನ ಮಾಡಿದವರಲ್ಲಿ ಒಬ್ಬರಾದ ರಾಬರ್ಟ್ ಆಂಡಾ ಅವರೇ 2020ರಲ್ಲಿ ಸಂಗಡಿಗರ ಜೊತೆ ಎಚ್ಚರಿಸಿದ್ದಾರೆ. ಅಂಕ ಬಿಟ್ಟು ಒಂದು ವಿಷಯ ನೋಡಿ: ರಾತ್ರಿ ಮಗುವಿನ ಪಕ್ಕ ಇರುವ ದೊಡ್ಡವರು ಯಾರು, ಅವರು ಎಷ್ಟು ಗಟ್ಟಿಯಾಗಿದ್ದಾರೆ? ಅಮ್ಮಂದಿರು ಜೈಲಲ್ಲಿದ್ದ 54 ಮಕ್ಕಳ ಬಗ್ಗೆ ಪೋಲ್‌ಮನ್ 2005ರಲ್ಲಿ ಬರೆದದ್ದರಲ್ಲೂ, ನೋಡಿಕೊಳ್ಳುವವರು ಪದೇ ಪದೇ ಬದಲಾಗದೇ ಇದ್ದ ಮಕ್ಕಳಲ್ಲಿ ಸಂಬಂಧಗಳ ಮೇಲಿನ ನಂಬಿಕೆ ಗಟ್ಟಿಯಾಗಿತ್ತು. ಅಜ್ಜಿಯ ಮಂಡಿನೋವಿಗೆ ಔಷಧಿ ಕೊಡಿಸೋದೂ ಮಗುವಿಗೆ ಮಾಡುವ ಸಹಾಯವೇ. ನನ್ನನ್ನು ಕೇಳಿದರೆ ಮಗುವಿಗೆ ಇನ್ನೊಂದು ಆಟದ ಸಾಮಾನು ತರೋದಕ್ಕಿಂತ ದೊಡ್ಡದು.

ಪ್ರಶ್ನೆ: ಆ ಮನುಷ್ಯ ಹೆಂಡತಿಗೆ ಹೊಡೆದು ಆಸ್ಪತ್ರೆ ಸೇರಿಸಿದವನು. ಮಗಳು ಮಾತ್ರ "ನಮ್ಮಪ್ಪ ತುಂಬಾ ಒಳ್ಳೆಯವರು" ಅಂತ ಹೇಳ್ತಾನೇ ಇರುತ್ತಾಳೆ. ನನಗೆ ಒಳಗೊಳಗೇ ಕುದಿಯುತ್ತೆ.

ಕುದಿಯಲಿ, ತಪ್ಪೇನಿಲ್ಲ. ಆದರೆ ಅದು ಅವಳಿಗೆ ಕಾಣಬಾರದು. ಅದನ್ನು ನಿಮ್ಮ ಮೇಲ್ವಿಚಾರಕರ ಹತ್ತಿರ ಹೇಳಿಕೊಳ್ಳಿ. ಅಂಥವರೊಬ್ಬರು ಇಲ್ಲದಿದ್ದರೆ, ಕೊಡಿ ಅಂತ ಸಂಸ್ಥೆಯನ್ನು ಕೇಳಿ.

ಅವಳ ಮಾತನ್ನು ತಿದ್ದಲೂ ಬೇಡಿ, ಹೌದು ಅಂತ ತಲೆಯಾಡಿಸಲೂ ಬೇಡಿ. "ಅಪ್ಪನ ನೆನಪು ಬರ್ತಿದೆ ಅಲ್ವಾ" ಅನ್ನಿ. ಹೊಡೆತದ ಮಾತು ಅವಳೇ ಎತ್ತಿದರೆ, "ಹೊಡೆದದ್ದು ತಪ್ಪು. ಅಪ್ಪ ಇಷ್ಟ ಅನ್ನೋದು ತಪ್ಪಲ್ಲ" ಅಂತ ಎರಡನ್ನೂ ಒಟ್ಟಿಗೇ ಹೇಳಿ. ಅಪ್ಪ ಅವಳ ಕೈಯಲ್ಲಿ ಅಮ್ಮನಿಗೆ ಸಂದೇಶ ಕಳಿಸೋದು, ಈಗಿನ ಮನೆ ಎಲ್ಲಿ ಅಂತ ಕೇಳೋದು ಏನಾದರೂ ನಡೆದರೆ ತಡ ಮಾಡದೆ ಮೇಲಿನವರಿಗೆ ತಿಳಿಸಿ. ಅಲ್ಲಿ ಅಮ್ಮನ ಜೀವದ ಪ್ರಶ್ನೆ ಇರುತ್ತೆ.

ಪ್ರಶ್ನೆ: ಮುಂದಿನ ತಿಂಗಳು ಈ ಕೆಲಸ ಬಿಡುತ್ತಿದ್ದೇನೆ. ನನ್ನ ಜೊತೆ ತುಂಬಾ ಹಚ್ಚಿಕೊಂಡಿರುವ ಹುಡುಗನಿಗೆ ಹೇಗೆ ಹೇಳಲಿ?

ಇವತ್ತೇ ಹೇಳೋಕೆ ಶುರು ಮಾಡಿ. ಮೊದಲು ಮನೆಯವರಿಗೆ, ಆಮೇಲೆ ಅವನಿಗೆ. ಒಂದು ದಿನ ಇದ್ದಕ್ಕಿದ್ದ ಹಾಗೆ ಮಾಯವಾಗುವವರನ್ನು ಅವನು ಈಗಾಗಲೇ ಒಮ್ಮೆ ನೋಡಿದ್ದಾನೆ. ಇನ್ನೆಷ್ಟು ಸಲ ಬರ್ತೀರಿ ಅಂತ ಎಣಿಸಿ ಹೇಳಿ, ಯಾಕೆ ಬಿಡ್ತಿದ್ದೀರಿ ಅಂತಲೂ ಹೇಳಿ. "ಆಗಾಗ ಬಂದು ನೋಡ್ತಾ ಇರ್ತೀನಿ" ಅನ್ನೋ ಮಾತು ಬಾಯಿಗೆ ಬರುತ್ತೆ. ನಿಜವಾಗಿಯೂ ಬರುವವರಿದ್ದರೆ, ಸಂಸ್ಥೆಯೂ ಒಪ್ಪಿದ್ದರೆ ಮಾತ್ರ ಆಡಿ. ಅವನು ಸಿಟ್ಟು ಮಾಡಿಕೊಂಡು ಮಾತು ಬಿಡಬಹುದು. ಆದರೂ ಹೇಳಿದ ದಿನ, ಹೇಳಿದ ಹೊತ್ತಿಗೆ ಹೋಗಿ.

ಹೊಸಬರು ಯಾರು ಅಂತ ಗೊತ್ತಾದ ತಕ್ಷಣ ಒಂದೆರಡು ಸಲ ಜೊತೆಗೇ ಕರೆದುಕೊಂಡು ಹೋಗಿ. ಫೈಲಿನಲ್ಲಿ ಕೇಸಿನ ವಿವರ ಹೇಗೂ ಇರುತ್ತೆ. ಹುಡುಗನಿಗೆ ಏನು ಹೇಳಿದ್ದೇವೆ, ಏನು ಇನ್ನೂ ಹೇಳಿಲ್ಲ, ಅಪ್ಪನನ್ನು ಅವನು ಏನಂತ ಕರೆಯುತ್ತಾನೆ, ಯಾವ ಮಾತು ಎತ್ತಿದರೆ ಎದ್ದು ಹೋಗುತ್ತಾನೆ, ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅದರ ಮೇಲೇ ಇಡಿ. ಇಲ್ಲದಿದ್ದರೆ ಹೊಸಬರು ಮೊದಲ ದಿನವೇ "ಅಪ್ಪನ ಬಿಡುಗಡೆ ಯಾವಾಗ?" ಅಂತ ಅವನನ್ನೇ ಕೇಳಿಬಿಡುತ್ತಾರೆ.