ಅಕ್ಕನ್ನ ಕೇಳಿ: ಅಪ್ಪಂದಿರನ್ನ ಕರೆಯೋರು ಯಾರು?

ಪ್ರಶ್ನೆ: ಅಕ್ಕಾ ನಮಸ್ಕಾರ. ನಮ್ದು ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರ. ಅಪ್ಪಾಜಿ ತೀರ್ಕೊಂಡ್ಮೇಲೆ ಪ್ರತಿ ವರ್ಷ ಅವರ ಪುಣ್ಯತಿಥಿಗೆ 25 ಸಾವಿರ ಅನ್ನದಾನಕ್ಕೆ ಕೊಡ್ತಾ ಬಂದಿದೀವಿ. ಈ ಸಲ ಒಂದು ಸಣ್ಣ ಸಂಸ್ಥೆಯವರು ಬಂದಿದ್ರು, ಚಿಕ್ಕ ಮಕ್ಕಳ ಅಪ್ಪಂದಿರನ್ನ ಸೇರಿಸಿ ಮಕ್ಕಳನ್ನ ನೋಡ್ಕೊಳ್ಳೋದು, ಆಟ ಆಡಿಸೋದು, ಸ್ಕೂಲ್ ಕಡೆ ಬರೋದು ಇದನ್ನೆಲ್ಲ ರೂಢಿ ಮಾಡಿಸ್ತೀವಿ ಅಂದ್ರು. ನಂಗೆ ಮನಸ್ಸಿಗೆ ಹಿಡಿಸ್ತು, ಯಾಕಂದ್ರೆ ನಮ್ಮಪ್ಪ ನಮಗೋಸ್ಕರ ದುಡಿದು ಸವೆದ್ರು, ಆದ್ರೆ ಒಂದಿನ ಪಕ್ಕದಲ್ಲಿ ಕೂತು ಮಾತಾಡಿಸಿದ್ದು ನೆನಪಿಲ್ಲ. ತಮ್ಮ ಮಾತ್ರ "ಅಪ್ಪ ಆಗೋಕೂ ಟ್ರೈನಿಂಗ್ ಬೇಕಾ, ಅದೇ ದುಡ್ಡಲ್ಲಿ ನೂರಾರು ಜನ ಉಣ್ತಾರೆ" ಅಂತಾನೆ. ಕೊಡ್ಲಾ ಬೇಡ್ವಾ? ಕೊಟ್ರೆ ಸರಿಯಾಗಿ ಬಳಕೆ ಆಗ್ತೈತೆ ಅಂತ ಹೆಂಗೆ ಗೊತ್ತಾಗೋದು?
— ಹೆಸರು ಬೇಡ, ದಾವಣಗೆರೆ

ಉತ್ತರ: ಕೊಡಿ ಅಣ್ಣಾ. ಅನ್ನದಾನ ಪೂರ್ತಿ ನಿಲ್ಲಿಸಿ ಅನ್ನಲ್ಲ, ಅದೂ ನಿಮ್ಮಪ್ಪಾಜಿ ಹೆಸರಲ್ಲಿ ನಡ್ಕೊಂಡು ಬಂದಿದ್ದು, ಈ ವರ್ಷ 10 ಅಲ್ಲಿಗೆ ಇರ್ಲಿ 15 ಇಲ್ಲಿಗೆ ಬರ್ಲಿ. ನಿಮ್ಮ ತಮ್ಮ ಕೇಳಿದ ಪ್ರಶ್ನೆ ನಾನೂ ಒಂದು ಕಾಲದಲ್ಲಿ ಕೇಳಿದ್ದೆ, ಅದಕ್ಕೆ ನಾನು ಕಣ್ಣಾರೆ ನೋಡಿದ್ದನ್ನೇ ಹೇಳ್ತೀನಿ.

ಮಂಡಕ್ಕಿ ಭಟ್ಟಿ, ಅಂದ್ರೆ ಮಂಡಕ್ಕಿ ಹುರಿಯೋ ಒಲೆಗಳಿರೋ ಕಡೆ ಒಂದು ಸಣ್ಣ ಗುಂಪು ಇಂಥದ್ದೇ ಕೆಲಸ ಶುರು ಮಾಡಿದಾಗ ನಾನು ಜೊತೆಗೆ ಹೋಗ್ತಿದ್ದೆ. ಮೊದಲ ಎರಡು ಮೀಟಿಂಗ್ ಅಂಗನವಾಡಿಯಲ್ಲಿ ಬೆಳಿಗ್ಗೆ 11ಕ್ಕೆ ಇಟ್ವಿ, ಬಂದಿದ್ದು ಬರೀ ತಾಯಂದಿರು. "ಗಂಡಸರಿಗೆ ಇಂಟರೆಸ್ಟ್ ಇಲ್ಲ" ಅಂತ ನಾವೇ ರಿಪೋರ್ಟ್ ಬರೆಯೋಕೆ ರೆಡಿ ಆಗಿದ್ವಿ. ಆಗ ಒಬ್ಬ ತಾಯಿ ಹೇಳಿದ್ಳು, "ಅಕ್ಕಾ ಅವ್ರು ನಸುಕಲ್ಲೇ ಎದ್ದು ಭಟ್ಟಿಗೆ ಹೋಗಿರ್ತಾರೆ, 11 ಗಂಟೆಗೆ ಒಲೆ ಮುಂದೆ ಕಾದ ಮರಳಲ್ಲಿ ಕೈ ಆಡಿಸ್ತಿರ್ತಾರೆ, ಹೆಂಗೆ ಬರ್ತಾರೆ?" ಅಂತ. ಅವತ್ತಿಂದ ಸಂಜೆ 5ಕ್ಕೆ, ಟೀ ಅಂಗಡಿ ಪಕ್ಕದ ಕಟ್ಟೆ ಮೇಲೆ ಇಟ್ವಿ, ಅಂಗನವಾಡಿ ಸಹಾಯಕಿ ಕೈಲಿ ಒಂದೊಂದು ಚೀಟಿ ಕಳಿಸಿದ್ವಿ, ಚೀಟಿ ಮೇಲೆ ಅಪ್ಪನ ಹೆಸರು. 14 ಜನ ಬಂದ್ರು. ಅದರಲ್ಲಿ ಒಬ್ಬರು ಚೀಟೀನ ಮಡಚಿ ಜೇಬಿಗೆ ಇಟ್ಕೊಂಡು "ಮಗಳ ವಿಷಯಕ್ಕೆ ನನ್ನ ಹೆಸರು ಹಿಡಿದು ಕರೆದಿದ್ದು ಇದೇ ಫಸ್ಟು" ಅಂದ್ರು.

ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಕೂತೈತೆ. ಯೋಚನೆ ಮಾಡಿ ಅಣ್ಣಾ, ಬಸುರಿಗೆ ಕೊಡೋದು ತಾಯಿ ಕಾರ್ಡ್, ಅಂಗನವಾಡಿಯಲ್ಲಿ ನಡೆಯೋದು ತಾಯಂದಿರ ಸಭೆ, ಸ್ಕೂಲ್ ವಾಟ್ಸಾಪ್ ಗ್ರೂಪಲ್ಲಿ ಇರೋದು ಅಮ್ಮನ ನಂಬರ್, ಹೆರಿಗೆ ವಾರ್ಡಿನ ಹೊರಗೆ ಬ್ಯಾಗು ಫ್ಲಾಸ್ಕು ಹಿಡ್ಕೊಂಡು ರಾತ್ರಿಯೆಲ್ಲ ನಿಂತಿರೋನು ಅಪ್ಪ. ಅವನನ್ನ ಬಾಗಿಲ ಹೊರಗೇ ನಿಲ್ಲಿಸಿ ಆಮೇಲೆ ಒಳಗೆ ಬರಲ್ಲ ಅಂತ ನಾವೇ ದೂರ್ತೀವಿ. ಜನ ದಿನದಲ್ಲಿ ಯಾವ ಕೆಲಸಕ್ಕೆ ಎಷ್ಟು ಹೊತ್ತು ಕೊಡ್ತಾರೆ ಅಂತ ಕೇಂದ್ರ ಸರ್ಕಾರದವರು ಮಾಡಿದ 2024ರ ಟೈಮ್ ಯೂಸ್ ಸರ್ವೇಲಿ, ಮನೆಕೆಲಸ ಮಾಡೋ ಹೆಣ್ಣುಮಕ್ಕಳು ದಿನಕ್ಕೆ 289 ನಿಮಿಷ ಅದಕ್ಕೆ ಕೊಡ್ತಾರೆ, ಮಾಡೋ ಗಂಡಸರು 88 ನಿಮಿಷ. ಮನೆಯವರ ಆರೈಕೆ ವಿಷಯ ನೋಡಿದ್ರೆ 15ರಿಂದ 59 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 41 ಜನ ಮಾಡ್ತಾರೆ, ಗಂಡಸರಲ್ಲಿ ಶೇ 21.4. ಈ ಅಂತರ ಪ್ರೀತಿ ಇಲ್ಲದ್ದಕ್ಕೆ ಅಂತ ನಂಗೆ ಅನಿಸಲ್ಲ, ರೂಢಿ ಇಲ್ಲದ್ದಕ್ಕೆ.

ಆ ಗುಂಪಲ್ಲಿ ಒಂದಿನ ಜಡೆ ಹಾಕೋದು ಕಲಿಸಿದ್ವಿ. ಸ್ಕೂಲಿಗೆ ಹೋಗೋ ಹುಡುಗೀರಿಗೆ ಎರಡು ಜಡೆ, ರಿಬ್ಬನ್, ಮಡಚಿ ಕಟ್ಟೋದು. ಭಟ್ಟಿ ಕೆಲಸದವರ ಬೆರಳು ದಪ್ಪ ಗಟ್ಟಿ, ತುದಿ ಎಲ್ಲ ಸುಟ್ಟು ಒಣಗಿರ್ತಾವೆ, ನಯವಾದ ಕೂದಲು ಹಿಡಿತಕ್ಕೇ ಸಿಗ್ತಿರ್ಲಿಲ್ಲ. ಒಬ್ಬರು ಕೊಬ್ಬರಿ ಎಣ್ಣೆ ತರಿಸಿ ಮೊದಲು ತಮ್ಮ ಬೆರಳಿಗೆ ಹಚ್ಕೊಂಡ್ರು, ಆಮೇಲೆ ಮಗಳ ತಲೆಗೆ, ಬೈತಲೆ ಸೊಟ್ಟಗೆ ಹೋಯ್ತು ಬಿಚ್ಚಿದ್ರು, ಇನ್ನೊಮ್ಮೆ ತೆಗೆದ್ರು ಬಿಚ್ಚಿದ್ರು, ಮೂರನೇ ಸಲ ರಿಬ್ಬನ್ ಬಿಗೀತಾ "ನೋವಾಗ್ತೈತೇನವ್ವಾ?" ಅಂತ ಕೇಳಿದ್ರು. ಆ ಹುಡುಗಿ ಅಲ್ಲಾಡದೆ ಕೂತಿತ್ತು, ಎದ್ದರೆ ಎಲ್ಲಿ ಮುಗಿದು ಹೋಗ್ತೈತೋ ಅನ್ನೋ ಹಂಗೆ. ಮುಂದಿನ ವಾರ ಅವಳಮ್ಮ ಬಂದು, ಈಗ ಭಟ್ಟಿ ರಜೆ ಇದ್ದ ದಿನ ಜಡೆ ಅಪ್ಪಂದೇ ಅಂದ್ಳು. ಟ್ರೈನಿಂಗ್ ಅಂದ್ರೆ ಇಷ್ಟೇ ಅಣ್ಣಾ, ನಿಮ್ಮ ತಮ್ಮನಿಗೆ ಹೇಳಿ.

ಇನ್ನು ಸರಿಯಾಗಿ ಬಳಕೆ ಆಗ್ತೈತಾ ಅನ್ನೋದು. ಸಂಸ್ಥೆಯವರನ್ನ ಮೊದಲು ಇದನ್ನ ಕೇಳಿ: ಒಂದ್ಸಲ ಬಂದ ಅಪ್ಪ ಎಷ್ಟನೇ ಸಲದವರೆಗೆ ಬರ್ತಾನೆ? ಅಪ್ಪಂದಿರ ದಿನಕ್ಕೆ ಶಾಲು, ಹಾರ, ಬ್ಯಾನರ್, ಫೋಟೋ ಅಷ್ಟೇ ಆದ್ರೆ ನಿಮ್ಮ ದುಡ್ಡು ಪೆಂಡಾಲ್‌ನವರಿಗೆ ಹೋಗ್ತೈತೆ. ಆಫ್ರಿಕಾದ ರುವಾಂಡಾ ದೇಶದಲ್ಲಿ ಬಂದೆಬೆರೆಹೊ ಅಂತ ಒಂದು ಕಾರ್ಯಕ್ರಮ ಮಾಡಿದ್ರು, ಅಲ್ಲಿ ಎಳೆ ಮಕ್ಕಳ ಅಪ್ಪಂದಿರನ್ನ 15 ಸಲ ಕೂರಿಸಿದ್ರು, ಕೆಲವು ಸಲ ಹೆಂಡತಿಯರನ್ನೂ ಜೊತೆಗೆ ಕರೆದ್ರು. 2018ರಲ್ಲಿ ಅದರ ಅಧ್ಯಯನ ಬಂತು, ಹೋಲಿಸಿ ನೋಡಿದಾಗ ಆ ಅಪ್ಪಂದಿರು ಮಕ್ಕಳ ಆರೈಕೆಯಲ್ಲಿ ಜಾಸ್ತಿ ಕೈ ಹಾಕಿದ್ರು, ಹೆಂಡತಿ ಮೇಲಿನ ಹೊಡೆತ ಬಡಿತವೂ ಕಮ್ಮಿ ಆಗಿತ್ತು. 15 ಸಲ ಅನ್ನೋದು ನೆನಪಿಟ್ಕೊಳ್ಳಿ. ಆಮೇಲೆ, ಬದಲಾವಣೆ ಆಗಿದ್ಯಾ ಅಂತ ಹೆಂಡತಿಯರನ್ನ ಬೇರೆ ಕೂರಿಸಿ ಕೇಳ್ತಾರಾ ಅಂತಾನೂ ವಿಚಾರಿಸಿ, ಅಪ್ಪಂದಿರು ತಮ್ಮ ಬಗ್ಗೆ ತಾವೇ ಹೇಳಿದ್ದನ್ನ ಬರ್ಕೊಂಡ್ರೆ ಸಾಲದು. ಗುಂಪು ನಡೆಸೋರು ಅದೇ ಏರಿಯಾದ ಒಬ್ಬ ಅಪ್ಪ ಆಗಿದ್ರಂತೂ ಒಳ್ಳೇದು, ಹೊರಗಿಂದ ಬಂದೋರ ಭಾಷಣಕ್ಕಿಂತ ಪಕ್ಕದ ಮನೆಯವನ ಮಾತು ಬೇಗ ನಾಟ್ತೈತೆ. ಅವನಿಗೆ ಒಂದು ಗೌರವಧನ, ಟೀ, ಒಂದು ಜಮಖಾನ, ನಾಲ್ಕು ಚೆಂಡು, ನಿಮ್ಮ 15 ಸಾವಿರ ಇಂಥದ್ದಕ್ಕೆ ಹೋಗ್ಲಿ. ರಸೀದಿ ತಗೊಳ್ಳಿ. ತೆರಿಗೆ ವಿನಾಯಿತಿ ಬೇಕಿದ್ರೆ ಸಂಸ್ಥೆಗೆ ಅದರ ನೋಂದಣಿ (80ಜಿ ಅಂತಾರೆ) ಐತಾ ನೋಡಿ, 2000ಕ್ಕಿಂತ ಜಾಸ್ತಿ ಕ್ಯಾಶ್ ಕೊಟ್ರೆ ವಿನಾಯಿತಿ ಸಿಗಲ್ಲ, ಚೆಕ್ಕು ಇಲ್ಲಾ ಆನ್‌ಲೈನ್ ಮಾಡಿ.

ಮತ್ತೆ ದುಡ್ಡು ಕೊಟ್ಟು ಸುಮ್ಮನಾಗಬೇಡಿ, ಒಂದು ಸಂಜೆ ನೀವೂ ಹೋಗಿ ಕೂತ್ಕೊಳ್ಳಿ. ಪಕ್ಕದಲ್ಲಿ ಕೂತು ಮಾತಾಡದ ಅಪ್ಪನ ಬಗ್ಗೆ ನೀವು ನಂಗೆ ಬರೆದ ಎರಡು ಸಾಲು ಅಲ್ಲಿ ಹೇಳಿ, ಸಣ್ಣ ವಯಸ್ಸಿನ ಅಪ್ಪಂದಿರು ಕೇಳಿಸ್ಕೊಳ್ಳಲಿ.

ಪ್ರಶ್ನೆ: ಗಂಡ ಕುಡಿದು ಹೊಡೀತಿದ್ದ, ಎರಡು ವರ್ಷದಿಂದ ತವರಲ್ಲಿದೀನಿ. ಈಗ ಇಂಥದ್ದೇ ಗುಂಪಿಗೆ ಹೋಗ್ತಿದೀನಿ ಬದಲಾಗಿದೀನಿ, ಭಾನುವಾರ ಮಗನ್ನ ನನ್ನ ಜೊತೆ ಕಳಿಸು ಅಂತಾನೆ. ಮಗೂಗೆ ಅಪ್ಪ ಬೇಕು ಅಂತ ಎಲ್ಲರೂ ಹೇಳ್ತಾರೆ. ನಂಗೆ ಹೆದರಿಕೆ.
— ಒಬ್ಬ ತಾಯಿ, ಹರಿಹರ

ಉತ್ತರ: ತಂಗೀ, ನಿನ್ನ ಹೆದರಿಕೆಗೆ ಕಾರಣ ಐತೆ, ಅದನ್ನ ಯಾರ ಮಾತಿಗೂ ಬಿಟ್ಕೊಡಬೇಡ. ಗುಂಪಿಗೆ ಹೋಗೋದು ಒಳ್ಳೇದೇ, ಆದ್ರೆ ಹಾಜರಿ ಹಾಕಿದ್ದಕ್ಕೆ ಬಹುಮಾನ ಅಂತ ಮಗನ್ನ ಕೊಡೋಕಾಗಲ್ಲ. ಕಳಿಸೋದಿದ್ರೆ ಒಬ್ಬನೇ ಕರ್ಕೊಂಡು ಹೋಗೋದು ಬೇಡ, ನಿಮ್ಮ ಮನೆಯ ಹಿರಿಯರ ಎದುರಿಗೇ ಒಂದು ತಾಸು ಆಟ ಆಡಿಸ್ಲಿ, ಕುಡಿದು ಬಂದ ದಿನ ಅದೂ ಇಲ್ಲ. ನಿಜವಾಗ್ಲೂ ಬದಲಾದೋನು ಈ ಷರತ್ತಿಗೆ ಸಿಟ್ಟಾಗಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ನಿನ್ನ ಕಡೆ ಐತೆ, ಮಹಿಳಾ ಸಹಾಯವಾಣಿ 181, ಮಕ್ಕಳದ್ದು 1098, ಎರಡನ್ನೂ ಫೋನಲ್ಲಿ ಸೇವ್ ಮಾಡಿಟ್ಕೋ.

ಪ್ರಶ್ನೆ: ಹೆರಿಗೆಗೆ ಅಪ್ಪಂದಿರಿಗೂ ರಜೆ ಸಿಗ್ತೈತಾ ಮೇಡಂ?
— ಹೊಳಲ್ಕೆರೆ ಓದುಗ

ಉತ್ತರ: ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಐತೆ, ಬದುಕಿರೋ ಮಕ್ಕಳು ಇಬ್ಬರಿಗಿಂತ ಕಮ್ಮಿ ಇದ್ರೆ, ಹೆರಿಗೆ ಆಗಿ 6 ತಿಂಗಳೊಳಗೆ ತಗೋಬೇಕು. ತಾಯಂದಿರಿಗೆ ಹೆರಿಗೆ ರಜೆ ಕಾಯ್ದೆಯ 2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗೆ 26 ವಾರ ಆಯ್ತು, ಅದೇ ಕಾಯ್ದೆಯಲ್ಲಿ ಅಪ್ಪನಿಗೆ ಒಂದು ದಿನವೂ ಇಲ್ಲ. ಖಾಸಗಿಯಲ್ಲಿ ಕಂಪನಿ ಮನಸ್ಸು ಮಾಡಿದ್ರೆ ಉಂಟು. ಇದು ಬದಲಾಗಲೇಬೇಕು, ನಾನು ಹೋದಲ್ಲೆಲ್ಲ ಹೇಳ್ತೀನಿ.

ಪ್ರಶ್ನೆ: ಅಕ್ಕಾ ನಾನು ಚಳ್ಳಕೆರೆಯವನು, ಲಾರಿ ಡ್ರೈವರ್. ದಿನ ತುಂಬೋ ಮೊದಲೇ ಹೆಣ್ಣು ಮಗು ಆಗೈತೆ, 1 ಕೆಜಿ 900 ಗ್ರಾಂ. ಡಿಸ್ಚಾರ್ಜ್ ಆಗಿ ಬಾಣಂತಿ ಹಿರಿಯೂರಲ್ಲಿ ತವರುಮನೇಲಿ ಅದಾಳೆ. ಮಗು ಎತ್ಕೋಬೇಕು ಅಂದ್ರೆ ಅತ್ತೆ "ಗಂಡಸರ ಕೈಗೆ ಎಳೆಗೂಸು ಬೇಡ" ಅಂತಾರೆ. ನಾನು ಬರೀ ಬಾಗಿಲಲ್ಲಿ ನಿಂತು ನೋಡ್ಕೊಂಡು ಬರ್ತೀನಿ.
— ಒಬ್ಬ ಅಪ್ಪ

ಉತ್ತರ: ತಮ್ಮಾ, ನಿನ್ನ ಕೂಸಿಗೆ ನಿನ್ನ ಎದೆ ಬೇಕು. ಸುಮ್ಮನೆ ಹೇಳ್ತಿಲ್ಲ, ಎರಡೂವರೆ ಕೆಜಿಗಿಂತ ಕಮ್ಮಿ ಹುಟ್ಟಿದ ಮಕ್ಕಳಿಗೆ ಮೈಗೆ ಮೈ ತಾಗಿಸಿ ಬೆಚ್ಚಗಿಡೋ ಕಾಂಗರೂ ಆರೈಕೆ ಅಂತ ಐತೆ, 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ಊರಿನ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್ ಸಾಲದೇ ಬಂದಾಗ ಶುರು ಮಾಡಿದ್ದು, ಈಗ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲೂ ಮಾಡಿಸ್ತಾರೆ. ಬಾಣಂತಿ ಸ್ನಾನಕ್ಕೆ ಹೋದಾಗ, ನಿದ್ದೆ ಮಾಡುವಾಗ ಅಪ್ಪ ಮಾಡಬಹುದು. ಅತ್ತೆ ಜೊತೆ ವಾದಕ್ಕೆ ಇಳೀಬೇಡ, ಅವರು ಹೆದರೋದು ಕೂಸಿನ ಮೇಲಿನ ಪ್ರೀತಿಗೆ. ಆಶಾ ಕಾರ್ಯಕರ್ತೆ 42 ದಿನದೊಳಗೆ ಆರು ಸಲ ಮನೆಗೆ ಬರ್ತಾರೆ, ಅಂಥ ದಿನ ನೀನೂ ಅಲ್ಲಿರು, ಅವರೇ ಅತ್ತೆ ಎದುರಿಗೆ ತೋರಿಸ್ಲಿ. ಡಾಕ್ಟರನ್ನೂ ಒಮ್ಮೆ ಕೇಳ್ಕೋ. ಕೆಮ್ಮು ನೆಗಡಿ ಇದ್ದ ದಿನ ಬೇಡ. ಉಗುರು ಕತ್ತರಿಸಿ, ಡೀಸೆಲ್ ವಾಸನೆ ಹೋಗೋವರೆಗೆ ಸ್ನಾನ ಮಾಡಿ, ಬೀಡಿ ಸಿಗರೇಟು ಅಭ್ಯಾಸ ಇದ್ರೆ ಅದನ್ನ ಬಿಟ್ಟು ಹೋಗು. ಕೂಸಿಗೆ ಟೋಪಿ, ಕಾಲುಚೀಲ, ಲಂಗೋಟಿ ಅಷ್ಟೇ, ನಿನ್ನ ಬರಿ ಎದೆ ಮೇಲೆ ನೆಟ್ಟಗೆ ಒರಗಿಸಿ, ಮುಖ ಒಂದು ಪಕ್ಕಕ್ಕೆ, ಮೂಗು ಬಾಯಿ ಮುಚ್ಚದಂಗೆ, ಮೇಲೆ ಮೆತ್ತನೆ ಬಟ್ಟೆ ಸುತ್ತಿ ಒಂದು ತಾಸಾದ್ರೂ ಕದಲದೆ ಒರಗಿ ಕೂರು, ಅಷ್ಟೊತ್ತು ನಿನಗೆ ನಿದ್ದೆ ಬರಬಾರದು, ಅದಕ್ಕೆ ರಾತ್ರಿ ಗಾಡಿ ಓಡಿಸಿ ಬಂದ ದಿನ ಮೊದಲು ಮಲಗಿ ಎದ್ದು ಆಮೇಲೆ ಎತ್ಕೋ. ಹೋಗುವಾಗ ಟೀ ಶರ್ಟ್ ಬೇಡ, ಮುಂದೆ ಗುಂಡಿ ಇರೋ ಅಂಗಿ ಹಾಕ್ಕೊಂಡು ಹೋಗು.