ಗ್ಯಾಸ್ ಬೆಲೆಗೆ ಯಾರನ್ನು ಬೈಯಬೇಕು?

ನಮಸ್ಕಾರ.

ಕ್ಯಾಲಿಫೋರ್ನಿಯಾಕ್ಕೆ ಬಂದು ಮೂರು ತಿಂಗಳಾಯಿತು, ಕಾರು ಕೊಂಡದ್ದಾಯಿತು, ಈಗ ವಾರವಾರವೂ ಪೆಟ್ರೋಲ್ ಹಾಕಿಸುವಾಗ ಹೊಟ್ಟೆ ಉರಿಯುತ್ತದೆ ಎಂದು ಬರೆದಿದ್ದೀರಿ. ಆಫೀಸಿನಲ್ಲಿ ಒಬ್ಬರು ಅಧ್ಯಕ್ಷರನ್ನು ಬೈಯುತ್ತಾರೆ, ಇನ್ನೊಬ್ಬರು ತೈಲ ಕಂಪನಿಗಳನ್ನು, ಮತ್ತೊಬ್ಬರು ರಾಜ್ಯದ ತೆರಿಗೆಯನ್ನು; ಟೆಕ್ಸಸ್‌ನಲ್ಲಿರುವ ನಿಮ್ಮ ಭಾವನವರು ನಿಮಗಿಂತ ಗ್ಯಾಲನ್ನಿಗೆ ಒಂದೂವರೆ ಡಾಲರ್ ಕಡಿಮೆ ಕೊಟ್ಟು, ಫೋನಿನಲ್ಲಿ ನಗುತ್ತಾರೆ. ತಪ್ಪು ಯಾರದು ಎಂಬುದು ನಿಮ್ಮ ಮೊದಲ ಪ್ರಶ್ನೆ. ಬಾಡಿಗೆ ಕಡಿಮೆಯೆಂದು ಸ್ಯಾನ್ ಹೊಸೆ ನಗರದಿಂದ ದೂರದ ಟ್ರೇಸಿ ಎಂಬ ಊರಿನಲ್ಲಿ ನೋಡಿರುವ ಮನೆಯನ್ನು ಹಿಡಿಯಬಹುದೇ ಎಂಬುದು ಎರಡನೆಯದು. ನಾನು 2002ರಲ್ಲಿ ಇಲ್ಲಿಗೆ ಬಂದವನು. ಇಷ್ಟು ವರ್ಷ ಗ್ಯಾಸ್ ಹಾಕಿಸಿದ ಮೇಲೆ ಇವೆರಡನ್ನೂ ಬೇರೆ ಬೇರೆ ಪ್ರಶ್ನೆಗಳೆಂದು ನೋಡಲು ನನ್ನಿಂದ ಆಗುವುದಿಲ್ಲ, ಆದ್ದರಿಂದ ಒಟ್ಟಿಗೇ ಉತ್ತರಿಸುತ್ತೇನೆ. (ನೀವೂ ಬೇಗನೆ ಪೆಟ್ರೋಲನ್ನು 'ಗ್ಯಾಸ್' ಎನ್ನಲು ಶುರುಮಾಡುತ್ತೀರಿ. ಊರಿಗೆ ಫೋನ್ ಮಾಡಿ ಗ್ಯಾಸ್ ದುಬಾರಿಯಾಯಿತು ಎಂದರೆ ಅಮ್ಮ ಸಿಲಿಂಡರ್ ಎಂದುಕೊಳ್ಳುತ್ತಾರೆ.)

ನಾನು ಬಂದ ಹೊಸತರಲ್ಲಿ ಗ್ಯಾಸ್ ಸ್ಟೇಷನ್ನಿನ ಒಳಗೆ ಹೋಗಿ, ಗಾಜಿನ ಆಚೆಗಿದ್ದವನಿಗೆ ಇಪ್ಪತ್ತು ಡಾಲರ್ ನೋಟು ಕೊಟ್ಟು, "ಮೂರನೇ ಪಂಪ್" ಎಂದು ಹೇಳಿ ಹೊರಗೆ ಬರುತ್ತಿದ್ದೆ. ಟ್ಯಾಂಕ್ ತುಂಬಿ ಪಂಪ್ ತಾನಾಗಿ ನಿಂತ ಮೇಲೆ ಉಳಿದ ಚಿಲ್ಲರೆ ಇಸಿದುಕೊಳ್ಳಲು ಮತ್ತೊಮ್ಮೆ ಒಳಗೆ ಹೋಗಬೇಕಾಗುತ್ತಿತ್ತು. ಆ ಇಪ್ಪತ್ತು ಡಾಲರಿಗೆ ಈಗ ಅರ್ಧ ಟ್ಯಾಂಕೂ ತುಂಬುವುದಿಲ್ಲ. ಅಂದಿನಿಂದ ಇಂದಿನವರೆಗೆ ಬೋರ್ಡಿನ ಮೇಲೆ ಬದಲಾಗದೆ ಉಳಿದಿರುವುದು ಒಂದೇ: ಬೆಲೆಯ ಬಾಲದಲ್ಲಿ ಸಣ್ಣಕ್ಷರದಲ್ಲಿ ಕುಳಿತಿರುವ 9/10. ನಾಲ್ಕು ಡಾಲರ್ ಎಂಬತ್ತೊಂಬತ್ತು ಸೆಂಟ್ ಎಂದು ನೀವು ಓದುವುದು ವಾಸ್ತವದಲ್ಲಿ ನಾಲ್ಕು ಡಾಲರ್ ತೊಂಬತ್ತು ಸೆಂಟಿಗಿಂತ ಒಂದು ಸೆಂಟಿನ ಹತ್ತನೇ ಒಂದು ಭಾಗವಷ್ಟೇ ಕಡಿಮೆ.

ಬೋರ್ಡಿನ ಕೆಳಗೆ ನಿಂತಿರುವ ಮನುಷ್ಯನಿಂದಲೇ ಆರಂಭಿಸೋಣ, ಏಕೆಂದರೆ ಬೈಗುಳ ಮೊದಲು ತಲುಪುವುದು ಅವನಿಗೇ. ಕಂಬದ ಮೇಲೆ ದೊಡ್ಡ ತೈಲ ಕಂಪನಿಯ ಹೆಸರಿದ್ದರೂ ಹೆಚ್ಚಿನ ಸ್ಟೇಷನ್ನುಗಳು ಆ ಕಂಪನಿಯವಲ್ಲ. ಹೆಸರನ್ನು ಬಳಸುವ ಒಪ್ಪಂದ ಮಾಡಿಕೊಂಡ ಸಣ್ಣಪುಟ್ಟ ಮಾಲೀಕರವು. ಅಂಥ ಒಂದು ಸ್ಟೇಷನ್ ನಡೆಸುವ ನನ್ನ ಪರಿಚಯದವರೊಬ್ಬರು ಒಂದು ಸಂಜೆ ತಮ್ಮ ಫೋನನ್ನೇ ನನ್ನ ಕೈಗೆ ಕೊಟ್ಟು ತೋರಿಸಿದರು. ಸರಬರಾಜುದಾರರಿಂದ ಮರುದಿನದ ಸಗಟು ಬೆಲೆ ಸಂದೇಶವಾಗಿ ಬಂದಿತ್ತು, ಆರು ಸೆಂಟ್ ಹೆಚ್ಚು. ಅವರು ಕಿಟಕಿಯಿಂದ ಎದುರು ಮೂಲೆಯ ಸ್ಟೇಷನ್ನಿನ ಬೋರ್ಡನ್ನು ನೋಡಿದರು, ಅದು ಇನ್ನೂ ಬದಲಾಗಿರಲಿಲ್ಲ, ತಾವೂ ಬದಲಾಯಿಸದೆ ಕುಳಿತರು. ಕಾರ್ಡ್ ಕಂಪನಿಗೆ ಕೊಡುವ ಶುಲ್ಕ, ಬಾಡಿಗೆ, ಸಂಬಳ ಕಳೆದರೆ ಗ್ಯಾಲನ್ನಿಗೆ ಕೆಲವೇ ಸೆಂಟ್ ಕೈಯಲ್ಲಿ ಉಳಿಯುತ್ತದೆ, ನಿಜವಾದ ಲಾಭ ಒಳಗಿನ ಕಾಫಿ ಮತ್ತು ತಂಪು ಪಾನೀಯಗಳಲ್ಲಿದೆ ಎಂದರು. ಬೆಲೆ ಏರಿದ್ದಕ್ಕೆ ಅವರ ಮೇಲೆ ರೇಗುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಹಾಗಾದರೆ ಎತ್ತು ಯಾವುದು? ದೇಶದ ಸರಾಸರಿ ತೆಗೆದುಕೊಂಡರೆ ಪಂಪಿನಲ್ಲಿ ಕೊಡುವ ಹಣದ ಅರ್ಧದಷ್ಟು ಕಚ್ಚಾ ತೈಲಕ್ಕೇ ಹೋಗುತ್ತದೆ. ಒಂದು ಬ್ಯಾರೆಲ್ ಎಂದರೆ 42 ಗ್ಯಾಲನ್. ಆದ್ದರಿಂದ ಬ್ಯಾರೆಲ್ಲಿಗೆ ಒಂದು ಡಾಲರ್ ಏರಿದರೆ ಗ್ಯಾಲನ್ನಿಗೆ ಎರಡು ಸೆಂಟಿನ ಮೇಲೆ ಸ್ವಲ್ಪ ಏರುತ್ತದೆ ಎಂಬ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡರೆ ಸುದ್ದಿ ಓದುವಾಗ ಅನುಕೂಲ. ಈ ತೈಲದ ಬೆಲೆ ನಿಗದಿಯಾಗುವುದು ವಾಷಿಂಗ್ಟನ್ನಿನಲ್ಲಿ ಅಲ್ಲ, ಇಡೀ ಜಗತ್ತಿನ ಮಾರುಕಟ್ಟೆಯಲ್ಲಿ. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ಕೊಡುವುದಿಲ್ಲವೆಂದು ಕುಳಿತಾಗ ಬ್ಯಾರೆಲ್ಲಿಗೆ ಸುಮಾರು 3 ಡಾಲರ್ ಇದ್ದದ್ದು ಕೆಲವೇ ತಿಂಗಳಲ್ಲಿ 12 ಡಾಲರ್ ಹತ್ತಿರಕ್ಕೆ ಹೋಯಿತು; ಕಾರಿನ ನಂಬರು ಸಮವೋ ಬೆಸವೋ ನೋಡಿ, ದಿನ ಬಿಟ್ಟು ದಿನ ಪೆಟ್ರೋಲ್ ಕೊಡುವ ಪದ್ಧತಿ ಹಲವು ರಾಜ್ಯಗಳಲ್ಲಿ ಬಂತು. ಆಗ ಸಾಲಿನಲ್ಲಿ ಕಾದವರು ನನ್ನ ಬೀದಿಯಲ್ಲಿ ಇನ್ನೂ ಇದ್ದಾರೆ, ಗ್ಯಾಸ್ ಎಂದ ಕೂಡಲೇ ಅವರ ಮಾತು ಅಲ್ಲಿಗೇ ಹೋಗುತ್ತದೆ.

ಈಗ ಕಾಲ ಬದಲಾಗಿದೆಯಲ್ಲ, ಅಮೆರಿಕವೇ ಅತಿ ಹೆಚ್ಚು ತೈಲ ತೆಗೆಯುತ್ತಿದೆಯಲ್ಲ ಎಂದು ನೀವು ಕೇಳಬಹುದು. ನಿಜ, 2018ರಿಂದ ಕಚ್ಚಾ ತೈಲ ಉತ್ಪಾದನೆಯಲ್ಲಿ ಈ ದೇಶವೇ ಮೊದಲು, 2023ರಲ್ಲಿ ದಿನಕ್ಕೆ ಸುಮಾರು 1.3 ಕೋಟಿ ಬ್ಯಾರೆಲ್. ಆದರೆ ಆ ತೈಲವನ್ನು ತೆಗೆಯುವುದು ಸರ್ಕಾರವಲ್ಲ, ಖಾಸಗಿ ಕಂಪನಿಗಳು. ಅವು ಲೋಕದ ದರಕ್ಕೇ ಮಾರುತ್ತವೆ. ಕಚ್ಚಾ ತೈಲವನ್ನು ಹೊರಗೆ ಮಾರಬಾರದೆಂದು 1975ರಲ್ಲಿ ಹಾಕಿದ್ದ ನಿಷೇಧವನ್ನು 2015ರ ಡಿಸೆಂಬರಿನಲ್ಲಿ ಇಲ್ಲಿನ ಸಂಸತ್ತಾದ ಕಾಂಗ್ರೆಸ್ಸೇ ತೆಗೆದುಹಾಕಿತು. ಅಲ್ಲದೆ ಇಲ್ಲಿನ ಹಲವು ರಿಫೈನರಿಗಳನ್ನು ಕಟ್ಟಿರುವುದು ಗಟ್ಟಿಯಾದ, ಗಂಧಕ ಹೆಚ್ಚಿರುವ ತೈಲಕ್ಕೆ. ಟೆಕ್ಸಸ್‌ನ ಬಂಡೆಗಳಿಂದ ಈಗ ಬರುವುದು ತೆಳುವಾದ ತೈಲ. ಹಾಗಾಗಿ ಒಂದು ಬಾಗಿಲಿನಿಂದ ಮಾರುತ್ತಾ ಇನ್ನೊಂದು ಬಾಗಿಲಿನಿಂದ ಕೊಳ್ಳುವುದು ನಡೆದೇ ಇದೆ.

ಅಧ್ಯಕ್ಷರ ವಿಷಯ. 2021, 2022ರಲ್ಲಿ ಪಂಪುಗಳ ಮೇಲೆಲ್ಲ ಬೈಡನ್ ಅವರು ಬೆಲೆಯ ಕಡೆಗೆ ಬೆರಳು ತೋರಿಸಿ "ಇದು ನನ್ನ ಕೆಲಸ" ಎನ್ನುತ್ತಿರುವ ಸ್ಟಿಕ್ಕರುಗಳನ್ನು ಅಂಟಿಸಿದ್ದರು, ಅವುಗಳನ್ನು ಕೆರೆದು ತೆಗೆಯುವುದೇ ನನ್ನ ಪರಿಚಯದ ಮಾಲೀಕರಿಗೆ ಒಂದು ಉದ್ಯೋಗವಾಗಿತ್ತು. ರಷ್ಯಾ ಉಕ್ರೇನಿನ ಮೇಲೆ ಯುದ್ಧಕ್ಕೆ ಹೋದ ವರ್ಷ, ಅಂದರೆ 2022ರ ಜೂನಿನಲ್ಲಿ, ದೇಶದ ಸರಾಸರಿ ಬೆಲೆ ಮೊದಲ ಬಾರಿಗೆ 5 ಡಾಲರ್ ದಾಟಿತು. ಟೆಕ್ಸಸ್ ಮತ್ತು ಲೂಯಿಸಿಯಾನಾ ಕರಾವಳಿಯ ಉಪ್ಪಿನ ಗವಿಗಳಲ್ಲಿ ಕೂಡಿಟ್ಟಿರುವ ತುರ್ತು ದಾಸ್ತಾನಿನಿಂದ ಆರು ತಿಂಗಳಲ್ಲಿ 18 ಕೋಟಿ ಬ್ಯಾರೆಲ್ ಹೊರಗೆ ಬಿಡುವುದಾಗಿ ಅಧ್ಯಕ್ಷರು ಮಾರ್ಚಿನಲ್ಲೇ ಘೋಷಿಸಿದ್ದರು. ಅಷ್ಟು ಅವರ ಕೈಯಲ್ಲಿತ್ತು. ಆದರೆ ಕೇಂದ್ರದ ಪೆಟ್ರೋಲ್ ತೆರಿಗೆಯನ್ನು ಮೂರು ತಿಂಗಳ ಮಟ್ಟಿಗಾದರೂ ನಿಲ್ಲಿಸಿ ಎಂದು ಅವರು ಕೇಳಿಕೊಂಡಾಗ ಕಾಂಗ್ರೆಸ್ ನಿಲ್ಲಿಸಲಿಲ್ಲ. ಗ್ಯಾಲನ್ನಿಗೆ 18.4 ಸೆಂಟ್ ಇರುವ ತೆರಿಗೆಯನ್ನೂ ಒಬ್ಬರೇ ಇಳಿಸಲಾಗದವರನ್ನು ಐದು ಡಾಲರಿನ ಒಡೆಯರೆಂದು ಕರೆಯುವುದು ನನಗೆ ಸರಿಯೆನಿಸುವುದಿಲ್ಲ. ಬೆಲೆ ಇಳಿದಾಗ ತಾನೇ ಇಳಿಸಿದೆ ಎಂದು ಹೇಳಿಕೊಳ್ಳುವ ಅಧ್ಯಕ್ಷರನ್ನೂ, ಅವರು ಯಾವ ಪಕ್ಷದವರೇ ಆಗಲಿ, ನಾನು ನಂಬುವುದು ಅಷ್ಟಕ್ಕಷ್ಟೇ.

ಇಷ್ಟು ಹೇಳಿದ ಮೇಲೂ ನಿಮ್ಮ ಭಾವನವರ ನಗು ಹಾಗೇ ಉಳಿಯುತ್ತದೆ. ಲೋಕದ ಮಾರುಕಟ್ಟೆ ಅವರಿಗೂ ಅದೇ, ಅಧ್ಯಕ್ಷರೂ ಅವರೇ, 1993ರಿಂದ ಬದಲಾಗದ ಆ 18.4 ಸೆಂಟೂ ಅದೇ. ನಿಮ್ಮಿಬ್ಬರ ನಡುವಿನ ಒಂದೂವರೆ ಡಾಲರಿಗೆ ಕಾರಣ ಕ್ಯಾಲಿಫೋರ್ನಿಯಾದೊಳಗೇ ಇರಬೇಕು. ನನ್ನ ಮಟ್ಟಿಗೆ ಪ್ರಶ್ನೆ ಕೇಳಬೇಕಾದ ಜಾಗ ಇದೇ.

ಅದರಲ್ಲಿ ಒಂದು ಭಾಗ ತೆರಿಗೆ, ಅದು ಗುಟ್ಟೇನಲ್ಲ. ಟೆಕ್ಸಸ್ ಗ್ಯಾಲನ್ನಿಗೆ 20 ಸೆಂಟ್ ತೆಗೆದುಕೊಂಡರೆ ಕ್ಯಾಲಿಫೋರ್ನಿಯಾದ ಸುಂಕ 60 ಸೆಂಟಿನ ಆಸುಪಾಸಿನಲ್ಲಿದೆ, 2017ರ ಕಾನೂನಿನ ಪ್ರಕಾರ ಹಣದುಬ್ಬರಕ್ಕೆ ತಕ್ಕಂತೆ ಪ್ರತಿ ಜುಲೈ 1ಕ್ಕೆ ಬದಲಾಗುತ್ತದೆ. ಅದರ ಮೇಲೆ ಹವಾಮಾನ ಕಾರ್ಯಕ್ರಮಗಳ ಹೊರೆಯನ್ನು ಕಂಪನಿಗಳು ನಮ್ಮ ಮೇಲೆ ದಾಟಿಸುತ್ತವೆ. ಈ ಹಣದಿಂದ ರಸ್ತೆ ರಿಪೇರಿಯಾಗುತ್ತದೆ, ಗಾಳಿ ಶುದ್ಧವಾಗುತ್ತದೆ ಎಂದು ವಾದಿಸಬಹುದು, ಸಾಲದು ಎಂದೂ ವಾದಿಸಬಹುದು. ಏನೇ ಆದರೂ ಇದು ಮತ ಹಾಕಿ ಆರಿಸಿದವರು ಬಹಿರಂಗವಾಗಿ ಹಾಕಿದ ಹೊರೆ.

ಇನ್ನೊಂದು ಭಾಗ ಭೂಗೋಳದ್ದು. ಪೆಟ್ರೋಲಿನ ಮಟ್ಟಿಗೆ ಕ್ಯಾಲಿಫೋರ್ನಿಯಾ ಒಂದು ದ್ವೀಪ. ಟೆಕ್ಸಸ್ ಕಡೆಯಿಂದ ಬೆಟ್ಟ ದಾಟಿ ಇಲ್ಲಿಗೆ ಪೆಟ್ರೋಲ್ ತರುವ ಕೊಳವೆ ಮಾರ್ಗವಿಲ್ಲ. ಇರುವ ಕೊಳವೆಗಳು ಇಲ್ಲಿಂದಲೇ ನೆವಾಡಾಕ್ಕೂ ಅರಿಜೋನಾಕ್ಕೂ ಸಾಗಿಸುತ್ತವೆ. ಹಡಗಿನಲ್ಲಿ ತರಿಸೋಣವೆಂದರೆ ದೇಶದ ಒಂದು ಬಂದರಿನಿಂದ ಇನ್ನೊಂದಕ್ಕೆ ಸರಕು ಒಯ್ಯುವ ಹಡಗು ಇಲ್ಲೇ ಕಟ್ಟಿದ್ದಾಗಿರಬೇಕು, ಇಲ್ಲಿಯವರದೇ ಆಗಿರಬೇಕು ಎಂದು 1920ರ ಜೋನ್ಸ್ ಕಾಯ್ದೆ ಹೇಳುತ್ತದೆ, ಅಂಥ ಹಡಗುಗಳು ಕಡಿಮೆ, ಬಾಡಿಗೆ ಜಾಸ್ತಿ. ಹೊಗೆ ಕಡಿಮೆ ಉಗುಳುವ, ಈ ರಾಜ್ಯಕ್ಕೆಂದೇ ಬೇರೆ ಹದದಲ್ಲಿ ತಯಾರಿಸುವ ಪೆಟ್ರೋಲನ್ನೇ ಇಲ್ಲಿ ಮಾರಬೇಕು, ಬೇಸಿಗೆಯಲ್ಲಿ ಬಿಸಿಲಿಗೆ ಬೇಗ ಆವಿಯಾಗದಂತೆ ಅದನ್ನು ಇನ್ನೂ ಬಿಗಿ ಮಾಡಬೇಕು. ಹೀಗಾಗಿ ಇಲ್ಲಿನ ಬೆರಳೆಣಿಕೆಯ ರಿಫೈನರಿಗಳಲ್ಲಿ ಒಂದು ಕೆಟ್ಟು ನಿಂತರೂ ಪಕ್ಕದ ಮನೆಯಿಂದ ಸಕ್ಕರೆ ತಂದಂತೆ ತರಲು ಆಗುವುದಿಲ್ಲ. ನಿಮ್ಮ ಪಂಪಿನ ಬೆಲೆ ಒಂದೇ ವಾರದಲ್ಲಿ ಐವತ್ತು ಸೆಂಟ್ ಜಿಗಿದರೆ ಮೊದಲು ರಿಫೈನರಿಯ ಸುದ್ದಿ ಹುಡುಕಿ.

2015ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್ ಸಮೀಪದ ಟೊರೆನ್ಸ್‌ನ ರಿಫೈನರಿಯಲ್ಲಿ ಸ್ಫೋಟವಾಯಿತು, ಬೆಲೆ ಏರಿತು. ಅದು ಅರ್ಥವಾಗುವ ಮಾತು. ಅರ್ಥವಾಗದ ಸಂಗತಿ ಆಮೇಲಿನದು. ತೆರಿಗೆ, ಪರಿಸರದ ಖರ್ಚು, ವಿಶೇಷ ಹದದ ಖರ್ಚು ಎಲ್ಲವನ್ನೂ ಕಳೆದ ಮೇಲೂ ಕ್ಯಾಲಿಫೋರ್ನಿಯಾದ ಬೆಲೆ ಉಳಿದ ದೇಶಕ್ಕಿಂತ ಎತ್ತರದಲ್ಲೇ ಉಳಿಯಿತು, ರಿಫೈನರಿ ಸರಿಹೋದ ಮೇಲೂ ಇಳಿಯಲಿಲ್ಲ. ಬರ್ಕ್ಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಸೆವೆರಿನ್ ಬೊರೆನ್‌ಸ್ಟೈನ್ ಇದನ್ನು ವರ್ಷಗಟ್ಟಲೆ ಬೆನ್ನುಹತ್ತಿ ಲೆಕ್ಕ ಹಾಕುತ್ತಾ ಬಂದು, 'ನಿಗೂಢ ಹೆಚ್ಚುವರಿ' ಎಂಬರ್ಥದ ಹೆಸರನ್ನೇ ಇಟ್ಟಿದ್ದಾರೆ. ಸಗಟಿನಿಂದ ಚಿಲ್ಲರೆಗೆ ಬರುವ ದಾರಿಯಲ್ಲಿ ಅದರ ಬಹುಪಾಲು ಸೇರಿಕೊಳ್ಳುತ್ತದೆ ಎಂಬುದು ಅವರ ವಾದ. 2023ರಲ್ಲಿ ರಾಜ್ಯ ಸರ್ಕಾರವು ಪೆಟ್ರೋಲ್ ಮಾರುಕಟ್ಟೆಯ ಮೇಲೆ ಕಣ್ಣಿಡಲೆಂದೇ ಒಂದು ವಿಭಾಗವನ್ನು ಕಾನೂನಿನ ಮೂಲಕ ಸ್ಥಾಪಿಸಿತು. ನನಗೆ ಕೋಪ ಬರುವುದು ಈ ಭಾಗದ ಮೇಲೆ. ಕಚ್ಚಾ ತೈಲ ಏರಿದ ಮರುದಿನವೇ ಬೋರ್ಡು ರಾಕೆಟ್ಟಿನಂತೆ ಮೇಲೇರುತ್ತದೆ, ಇಳಿದಾಗ ಮಾತ್ರ ಹಕ್ಕಿಯ ಗರಿಯಂತೆ ತೇಲುತ್ತಾ ವಾರಗಟ್ಟಲೆ ತಡೆದು ಕೆಳಗೆ ಬರುತ್ತದೆ ಎಂದು ಅರ್ಥಶಾಸ್ತ್ರಜ್ಞರೇ ಹೇಳುತ್ತಾರೆ. 2020ರ ಏಪ್ರಿಲ್ 20ರಂದು ನ್ಯೂಯಾರ್ಕಿನ ವಾಯಿದಾ ಪೇಟೆಯಲ್ಲಿ ಅಮೆರಿಕದ ಕಚ್ಚಾ ತೈಲದ ಬೆಲೆ ಸೊನ್ನೆಗಿಂತಲೂ 37 ಡಾಲರ್ ಕೆಳಗೆ ಹೋಗಿ, ತೆಗೆದುಕೊಂಡು ಹೋಗುವವರಿಗೇ ಹಣ ಕೊಡುವ ಸ್ಥಿತಿ ಬಂದಿತ್ತು. ಆ ದಿನವೂ ನಮ್ಮ ಬೀದಿಯ ಬೋರ್ಡಿನಲ್ಲಿ ಎರಡು ಡಾಲರಿಗಿಂತ ಕಡಿಮೆ ಸಂಖ್ಯೆಯನ್ನು ನಾನು ಕಾಣಲಿಲ್ಲ.

ಇನ್ನು ನಾವು. 2005ರಲ್ಲಿ ನಾನೂ ಟ್ರೇಸಿಯಲ್ಲೇ ಮನೆ ಕೊಂಡವನು. ಅದೇ ಹಣಕ್ಕೆ ಸ್ಯಾನ್ ಹೊಸೆಯಲ್ಲಿ ಎರಡು ಕೋಣೆಯೂ ಸಿಗುತ್ತಿರಲಿಲ್ಲ, ಅಲ್ಲಿ ಹಿತ್ತಲಿತ್ತು, ನಿಂಬೆ ಗಿಡವಿತ್ತು. ಅಂಗಳದಲ್ಲಿ ನಿಲ್ಲಿಸಲು ಗ್ಯಾಲನ್ನಿಗೆ 18 ಮೈಲಿ ಕೊಡುವ ದೊಡ್ಡ ವಾಹನವನ್ನೂ ಕೊಂಡೆ, ಏಕೆಂದರೆ ಅಕ್ಕಪಕ್ಕದವರೆಲ್ಲ ಕೊಂಡಿದ್ದರು. ಆಲ್ಟಮಾಂಟ್ ಕಣಿವೆಯ ಗಾಳಿಯಂತ್ರಗಳನ್ನು ದಾಟಿ ಆಫೀಸಿಗೆ ಹೋಗಿ ಬರಲು ದಿನಕ್ಕೆ 110 ಮೈಲಿ. 2008ರ ಬೇಸಿಗೆಯಲ್ಲಿ ಕಚ್ಚಾ ತೈಲ ಬ್ಯಾರೆಲ್ಲಿಗೆ 147 ಡಾಲರ್ ಮುಟ್ಟಿದಾಗ ನಮ್ಮಲ್ಲಿ ಗ್ಯಾಸ್ ನಾಲ್ಕೂವರೆ ಡಾಲರ್ ಆಯಿತು. ದಿನಕ್ಕೆ ಆರು ಗ್ಯಾಲನ್ನಿನ ಮೇಲೆ, ತಿಂಗಳಿಗೆ ಇಪ್ಪತ್ತು ದಿನ, ಒಟ್ಟು 550 ಡಾಲರ್. ರಾತ್ರಿ ಊಟದ ಮೇಜಿನ ಮೇಲೆ ರಸೀದಿಗಳನ್ನು ಹರಡಿಕೊಂಡು ನಾನು ಬುಷ್ ಅವರನ್ನೂ ತೈಲ ಕಂಪನಿಗಳನ್ನೂ ಸಟ್ಟಾ ವ್ಯಾಪಾರಿಗಳನ್ನೂ ಬೈಯುತ್ತಿದ್ದಾಗ ನನ್ನ ಹೆಂಡತಿ, "ಆ ಗಾಡಿ ಕೊಳ್ಳಲು ಅವರಲ್ಲಿ ಯಾರು ಹೇಳಿದ್ದು?" ಎಂದು ಕೇಳಿದಳು. ಗಾಡಿಯನ್ನು ಮಾರಿದೆವು, ಆದರೆ ಕೊಳ್ಳುವವರು ಯಾರೂ ಇಲ್ಲದ ಕಾಲದಲ್ಲಿ, ಅರ್ಧ ಬೆಲೆಗೆ.

ಈ ದೇಶವನ್ನು ಕಟ್ಟಿರುವುದೇ ಹೀಗೆ ಎಂಬುದನ್ನು ನಾನು ಮರೆತಿಲ್ಲ. ಬಸ್ಸಿಲ್ಲದ ಕಡೆ ಮನೆ, ಮನೆಯಿಲ್ಲದ ಕಡೆ ಕೆಲಸ. ಬೆಲೆ ಏರಿದ ಮಾತ್ರಕ್ಕೆ ನಾಳೆಯಿಂದ ಕಡಿಮೆ ಓಡಿಸುತ್ತೇನೆ ಎನ್ನಲು ಬಹಳ ಮಂದಿಗೆ ಸಾಧ್ಯವಿಲ್ಲ. ಅದು ಮಾರುವವರಿಗೂ ಚೆನ್ನಾಗಿ ಗೊತ್ತು. ಹೊಸಬರಾದ ನಿಮಗೆ ಮಾತ್ರ ಇನ್ನೂ ಆಯ್ಕೆ ಇದೆ, ಏಕೆಂದರೆ ನೀವು ಇನ್ನೂ ಸಹಿ ಹಾಕಿಲ್ಲ.

ಟ್ರೇಸಿ ಬೇಡವೇ ಬೇಡ ಎನ್ನುವುದಿಲ್ಲ. ಅಲ್ಲಿಂದ ಸ್ಯಾನ್ ಹೊಸೆಗೆ ಏಸ್ ರೈಲಿದೆ, ನಾನು ಎರಡು ವರ್ಷ ಅದರಲ್ಲೇ ಓಡಾಡಿದೆ. ಆದರೆ ಕೆಲಸದ ದಿನ ಬೆಳಿಗ್ಗೆ ಈ ಕಡೆಗೆ, ಸಂಜೆ ಆ ಕಡೆಗೆ ಎಂಬಂತೆ ಓಡುವ ರೈಲದು, ಮಧ್ಯಾಹ್ನ ಮಗುವಿಗೆ ಜ್ವರವೆಂದು ಶಾಲೆಯಿಂದ ಫೋನ್ ಬಂದರೆ ಅದು ಉಪಯೋಗಕ್ಕೆ ಬರುವುದಿಲ್ಲ. ಮನೆ ಹಿಡಿಯುವ ಮೊದಲು ಬಾಡಿಗೆಯ ಪಕ್ಕದಲ್ಲಿ ಗ್ಯಾಸಿನ ಸಾಲನ್ನೂ ಬರೆಯಿರಿ, ಇಂದಿನ ಬೆಲೆಗೊಮ್ಮೆ, ಅದಕ್ಕಿಂತ ಒಂದೂವರೆ ಡಾಲರ್ ಹೆಚ್ಚಿನ ಬೆಲೆಗೊಮ್ಮೆ. ಎರಡನೆಯ ಲೆಕ್ಕದಲ್ಲೂ ಟ್ರೇಸಿಯೇ ಅಗ್ಗವಾದರೆ ಹಿಡಿಯಿರಿ.

ಪಂಪಿನ ಬಳಿ ಉಪಯೋಗಕ್ಕೆ ಬರುವ ಮೂರು ಮಾತು. ಒಂದೇ ಬೋರ್ಡಿನಲ್ಲಿ ಎರಡು ಬೆಲೆ ಇದ್ದರೆ ಕಡಿಮೆಯದು ನಗದಿಗೆ, ಹೆಚ್ಚಿನದು ಕ್ರೆಡಿಟ್ ಕಾರ್ಡಿಗೆ. ಡೆಬಿಟ್ ಕಾರ್ಡನ್ನು ಪಂಪಿಗೇ ತೂರಿಸಿದರೆ ನೀವು ಮೂವತ್ತು ಡಾಲರಿಗೆ ಹಾಕಿಸಿದರೂ ನೂರಕ್ಕಿಂತ ಹೆಚ್ಚು ಹಣವನ್ನು ಕೆಲಕಾಲ ತಡೆಹಿಡಿಯಬಹುದು. ತಿಂಗಳ ಕೊನೆಯಲ್ಲಿ ಅದು ತೊಂದರೆ ಕೊಡುತ್ತದೆ, ಒಳಗೆ ಹೋಗಿ ಕೊಡುವುದು ವಾಸಿ. ಮತ್ತೆ, ಕಾರಿನ ಕೈಪಿಡಿಯಲ್ಲಿ ಪೆಟ್ರೋಲಿನ ದರ್ಜೆ (ಆಕ್ಟೇನ್ ಸಂಖ್ಯೆ) 87 ಎಂದಿದ್ದರೆ, ಅದಕ್ಕಿಂತ ದುಬಾರಿಯಾದ 91 ಹಾಕಿಸಬೇಡಿ, ಅದರಿಂದ ಇಂಜಿನ್ನಿಗೆ ಯಾವ ಉಪಕಾರವೂ ಇಲ್ಲ.

ನಿಮ್ಮ ಕಾರು ಗ್ಯಾಲನ್ನಿಗೆ ಎಷ್ಟು ಮೈಲಿ ಕೊಡುತ್ತದೆ, ಆಫೀಸಿಗೆ ವಾರಕ್ಕೆ ಎಷ್ಟು ದಿನ ಹೋಗಬೇಕು ಎಂಬುದನ್ನು ನೀವು ಬರೆದಿಲ್ಲ. ಅವೆರಡನ್ನೂ ತಿಳಿಸಿ, ಟ್ರೇಸಿಯ ಮನೆಯ ಲೆಕ್ಕವನ್ನು ನಾನೇ ಹಾಕಿ ಕಳಿಸುತ್ತೇನೆ.